ಕೆಫೀನಿನ ವಿಚಾರಣೆ: ಮೆಕ್ಕಾದಿಂದ ಚಟ್ಟನೂಗದವರೆಗೆ



ಕನ್ನಡಿಗರ ಸಭೆಯಲ್ಲಿ ಕಾಫಿಯ ದೋಷಗಳನ್ನು ಎತ್ತಿ ಆಡುವುದು ಮದುವೆಮನೆಯಲ್ಲಿ ನಿಂತು ಬೀಗರನ್ನು ಹಳಿಯುವಷ್ಟೇ ಅಪಾಯದ ಕೆಲಸವೆಂಬುದನ್ನು ನಾವು ಬಲ್ಲೆವು. ಆದ್ದರಿಂದ ಒಂದು ಮಾತನ್ನು ಮೊದಲಿಗೇ ಸ್ಪಷ್ಟಪಡಿಸಿಬಿಡುತ್ತೇವೆ. ಕಾಫಿಯನ್ನು ಬಿಟ್ಟುಬಿಡಿ ಎಂದು ಉಪದೇಶಿಸುವುದು ಈ ಉಪನ್ಯಾಸದ ಉದ್ದೇಶವಲ್ಲ. ಕಾಫಿ, ಚಹಾ, ಕೋಲಾ ಪಾನೀಯಗಳಲ್ಲೆಲ್ಲ ಅಡಗಿರುವ ಕೆಫೀನ್ ಎಂಬ ವಸ್ತುವಿನ ಮೇಲೆ ಐನೂರು ವರ್ಷಗಳಿಂದ ಒಂದಲ್ಲ ಒಂದು ಬಗೆಯ ವಿಚಾರಣೆ ನಡೆಯುತ್ತಲೇ ಬಂದಿದೆ. ಆ ವಿಚಾರಣೆಯಲ್ಲಿ ಬಹುಕಾಲ ಕೇಳಿದ ಪ್ರಶ್ನೆಯೇ ತಪ್ಪಾಗಿತ್ತು. "ಇದು ಒಳ್ಳೆಯದೋ ಕೆಟ್ಟದ್ದೋ" ಎಂದು ದೊರೆಗಳೂ ಪಂಡಿತರೂ ಕೇಳಿದರು. "ಎಷ್ಟು, ಯಾರಿಗೆ, ಯಾವ ಹೊತ್ತಿನಲ್ಲಿ" ಎಂದು ಕೇಳುವುದನ್ನು ಮನುಷ್ಯ ಕಲಿತದ್ದು ತೀರ ಈಚೆಗೆ. ಈ ಎರಡು ಪ್ರಶ್ನೆಗಳ ನಡುವಿನ ದಾರಿಯನ್ನು ತಮ್ಮ ಮುಂದಿರಿಸುವುದಷ್ಟೇ ನಮ್ಮ ಪ್ರಯತ್ನ.

ದಾಖಲೆಗೆ ಸಿಗುವ ಮೊದಮೊದಲ ವಿಚಾರಣೆ ನಡೆದದ್ದು 1511ರಲ್ಲಿ, ಮೆಕ್ಕಾ ನಗರದಲ್ಲಿ. ಆ ನಗರ ಆಗ ಈಜಿಪ್ಟಿನ ಮಾಮ್ಲೂಕ್ ಸುಲ್ತಾನರ ಆಶ್ರಯದಲ್ಲಿತ್ತು. ಸುಲ್ತಾನನ ಅಧಿಕಾರಿಯಾಗಿದ್ದ ಖೈರ್ ಬೇಗ್ ಎಂಬಾತ ಒಂದು ರಾತ್ರಿ ಮಸೀದಿಯ ಬಳಿ ಜನರು ಗುಂಪುಗೂಡಿ ಕಾಫಿ ಕುಡಿಯುತ್ತಿದ್ದುದನ್ನು ಕಂಡು, ಧರ್ಮಶಾಸ್ತ್ರಜ್ಞರ ಸಭೆಯೊಂದನ್ನು ಕರೆದನು. ಆ ಪೇಯವು ದೇಹಕ್ಕೆ ಹಾನಿಕರವೆಂದು ಇಬ್ಬರು ವೈದ್ಯರು ಸಾಕ್ಷ್ಯ ನುಡಿದರು. ಕಾಫಿಗೆ ನಿಷೇಧ ಬಿದ್ದಿತು, ಬೀಜಗಳನ್ನು ಸುಡಲಾಯಿತು. ಆದರೆ ಕೈರೋವಿನಿಂದ ಬಂದ ಸುಲ್ತಾನನ ಆಜ್ಞೆ ಗುಂಪು ಸೇರುವುದನ್ನು ತಡೆಯಿತೇ ಹೊರತು ಪೇಯವನ್ನೇ ಸಂಪೂರ್ಣವಾಗಿ ನಿಷೇಧಿಸಲು ಒಪ್ಪಲಿಲ್ಲ.

ಇಂಥದೇ ಪ್ರಸಂಗ ಮುಂದೆ ಲಂಡನ್ನಿನಲ್ಲಿಯೂ ನಡೆಯಿತು. 1674ರಲ್ಲಿ ಸ್ತ್ರೀಯರ ಹೆಸರಿನಲ್ಲಿ ಕಾಫಿಯ ವಿರುದ್ಧ ಒಂದು ಅಹವಾಲು ಅಚ್ಚಾಯಿತು. ಕಾಫಿ ಗಂಡಸರನ್ನು ನಿಸ್ಸತ್ವರನ್ನಾಗಿ ಮಾಡುತ್ತಿದೆಯೆಂಬುದು ಅದರ ದೂರು. ಮರುವರ್ಷದ ಕೊನೆಯಲ್ಲಿ ದೊರೆ ಎರಡನೆಯ ಚಾರ್ಲ್ಸ್ ಕಾಫಿಮನೆಗಳನ್ನು ಮುಚ್ಚಿಸುವ ಘೋಷಣೆ ಹೊರಡಿಸಿ, ಪ್ರಜೆಗಳ ಪ್ರತಿಭಟನೆಗೆ ಮಣಿದು, ಅದು ಜಾರಿಗೆ ಬರುವ ಮೊದಲೇ ಹಿಂತೆಗೆದುಕೊಂಡನು. ಅವನಿಗೆ ಭಯವಿದ್ದುದು ಪ್ರಜೆಗಳ ಆರೋಗ್ಯದ ಬಗ್ಗೆ ಅಲ್ಲ, ಕಾಫಿಮನೆಗಳಲ್ಲಿ ಹುಟ್ಟುತ್ತಿದ್ದ ರಾಜಕೀಯ ಮಾತುಗಳ ಬಗ್ಗೆ. 1777ರಲ್ಲಿ ಪ್ರಷ್ಯದ ದೊರೆ ಎರಡನೆಯ ಫ್ರೆಡರಿಕ್ ತನ್ನ ಪ್ರಜೆಗಳು ಕಾಫಿ ಬಿಟ್ಟು ಬಿಯರ್ ಕುಡಿಯಬೇಕೆಂದು ಸಾರಿದನು. ನಾಡಿನ ಹಣ ಪರದೇಶಕ್ಕೆ ಹರಿದುಹೋಗುತ್ತಿದೆಯೆಂಬುದು ಅವನ ಚಿಂತೆ. ಹೀಗೆ ಬಾಯಿಯಲ್ಲಿ ಆರೋಗ್ಯದ ಮಾತು, ಮನಸ್ಸಿನಲ್ಲಿ ಅಧಿಕಾರದ ಇಲ್ಲವೆ ಹಣದ ಲೆಕ್ಕ. ಈ ನಡುವೆ, 17ನೆಯ ಶತಮಾನದಲ್ಲಿ, ಬಾಬಾ ಬುಡನ್ ಅವರು ಯೆಮೆನ್ ದೇಶದ ಮೋಖಾ ಬಂದರಿನಿಂದ ಏಳು ಬೀಜಗಳನ್ನು ತಂದು ನಮ್ಮ ಚಂದ್ರದ್ರೋಣ ಪರ್ವತದಲ್ಲಿ ನೆಟ್ಟರೆಂಬ ಪ್ರತೀತಿ ತಮಗೆಲ್ಲ ಚಿರಪರಿಚಿತ. ದೊರೆಗಳು ವಾದಿಸುತ್ತಿದ್ದಾಗ ಗಿಡ ತನ್ನ ಪಾಡಿಗೆ ತಾನು ಬೇರೂರುತ್ತಿತ್ತು.

ಆರೋಪಿಯ ನಿಜವಾದ ಹೆಸರು ತಿಳಿದದ್ದು 1819ರಲ್ಲಿ. ಜರ್ಮನಿಯ ತರುಣ ರಸಾಯನಶಾಸ್ತ್ರಜ್ಞ ಫ್ರೀಡ್ಲೀಬ್ ರುಂಗೆ, ಮಹಾಕವಿ ಗಯಟೆ ತನಗೆ ಕೊಟ್ಟ ಕಾಫಿಬೀಜಗಳಿಂದ ಪ್ರೇರಿತನಾಗಿ, ಅವುಗಳಲ್ಲಿದ್ದ ಉತ್ತೇಜಕ ವಸ್ತುವನ್ನು ಬೇರ್ಪಡಿಸಿದನು. ಅದೇ ಕೆಫೀನ್. ಆ ಶತಮಾನದ ಕೊನೆಯ ವೇಳೆಗೆ ಎಮಿಲ್ ಫಿಷರ್ ಅದನ್ನು ಪ್ರಯೋಗಶಾಲೆಯಲ್ಲಿಯೇ ತಯಾರಿಸಿ ತೋರಿಸಿದನು. ಈ ಶೋಧದ ಮಹತ್ವವೇನೆಂದರೆ, ಅದುವರೆಗೆ ಲೋಟದ ಲೆಕ್ಕದಲ್ಲಿದ್ದ ವಿಷಯ ಈಗ ತಕ್ಕಡಿಗೆ ಬಂದಿತು. ತೂಗಲು ಬರುವ ವಸ್ತುವಿಗೆ ಮಿತಿಯನ್ನು ಗೊತ್ತುಪಡಿಸಬಹುದು. ಆದರೆ ಬೀಜದಿಂದ ಬೇರೆಯಾದ ಕೆಫೀನನ್ನು ಬೇಕಾದ ಪಾನೀಯಕ್ಕೆ ಬೆರೆಸಿ ಮಾರಲೂಬಹುದು. ಇವೆರಡೂ ಒಟ್ಟಿಗೆ ಎದುರಾದದ್ದು ನಾವು ಇಂದು ನೆಲೆಸಿರುವ ಈ ಅಮೆರಿಕದಲ್ಲಿಯೇ.

1906ರಲ್ಲಿ ಇಲ್ಲಿ ಶುದ್ಧ ಆಹಾರ ಮತ್ತು ಔಷಧ ಕಾಯಿದೆ ಅಂಗೀಕಾರವಾಯಿತು. ಅದಕ್ಕಾಗಿ ಹೋರಾಡಿದವರಲ್ಲಿ ಮುಂಚೂಣಿಯಲ್ಲಿದ್ದವರು ಸರ್ಕಾರದ ಮುಖ್ಯ ರಸಾಯನಶಾಸ್ತ್ರಜ್ಞ ಹಾರ್ವೆ ವೈಲಿ. ಕಾಫಿ ಚಹಾಗಳಲ್ಲಿ ಕೆಫೀನ್ ಸ್ವಾಭಾವಿಕವಾಗಿಯೇ ಇದೆ, ಕುಡಿಯುವವರಿಗೆ ಅದು ಗೊತ್ತು. ಆದರೆ ಸಿಹಿ ಪಾನೀಯವೊಂದಕ್ಕೆ ಅದನ್ನು ಬೆರೆಸಿ, ತಂದೆತಾಯಿಗಳಿಗೂ ತಿಳಿಯದಂತೆ ಮಕ್ಕಳ ಕೈಗೆ ಕೊಡುವುದು ಬೇರೆಯೇ ಸಂಗತಿ, ಎಂಬುದು ಅವರ ವಾದ. 1909ರಲ್ಲಿ ಅಟ್ಲಾಂಟಾದಿಂದ ಟೆನೆಸಿ ರಾಜ್ಯದ ಚಟ್ಟನೂಗಕ್ಕೆ ಹೋಗುತ್ತಿದ್ದ ಕೋಕಾ-ಕೋಲಾ ಸಿರಪ್ಪನ್ನು ಸರ್ಕಾರ ಜಪ್ತಿ ಮಾಡಿತು. 1911ರ ಮಾರ್ಚ್ ತಿಂಗಳಿನಲ್ಲಿ ಮೊಕದ್ದಮೆ ಆರಂಭವಾಯಿತು. ಕಾನೂನಿನ ಕ್ರಮದಂತೆ ವಶಪಡಿಸಿಕೊಂಡ ವಸ್ತುವೇ ಪ್ರತಿವಾದಿ; ಆದ್ದರಿಂದ ದಾಖಲೆಯಲ್ಲಿ ಅಮೆರಿಕ ಸರ್ಕಾರದ ಎದುರು ನಿಂತದ್ದು "ನಲವತ್ತು ದೊಡ್ಡ ಪೀಪಾಯಿ, ಇಪ್ಪತ್ತು ಸಣ್ಣ ಪೀಪಾಯಿ"ಗಳು! ಅಂದಿನ ಒಂದು ಲೋಟ ಕೋಕಾ-ಕೋಲಾದಲ್ಲಿ ಸುಮಾರು 78 ಮಿಲಿಗ್ರಾಂ ಕೆಫೀನ್ ಇರುತ್ತಿತ್ತು.

ಮನುಷ್ಯರ ಮೇಲೆ ಕೆಫೀನಿನ ಪರಿಣಾಮವೇನೆಂಬುದಕ್ಕೆ ಅಂದು ನಂಬಬಹುದಾದ ಪುರಾವೆ ತೀರ ಕಡಿಮೆ. ಕಂಪನಿಯವರು ಹ್ಯಾರಿ ಹಾಲಿಂಗ್‌ವರ್ತ್ ಎಂಬ ತರುಣ ಮನೋವಿಜ್ಞಾನಿಯ ಮೊರೆಹೊಕ್ಕರು. ಕಂಪನಿಯ ಹಣದಿಂದ ನಡೆಯುವ ಸಂಶೋಧನೆಯನ್ನು ಜನ ಸಂಶಯದಿಂದ ನೋಡುತ್ತಾರೆಂಬುದನ್ನು ಅವರು ಬಲ್ಲವರಾಗಿದ್ದರು. ಫಲಿತಾಂಶ ಏನೇ ಬಂದರೂ ಪ್ರಕಟಿಸುವ ಸ್ವಾತಂತ್ರ್ಯ ತಮಗಿರಬೇಕು, ಅದನ್ನು ಜಾಹೀರಾತಿಗೆ ಬಳಸಕೂಡದು ಎಂಬ ಕರಾರಿನ ಮೇಲೆ ಕೆಲಸ ಒಪ್ಪಿಕೊಂಡರು. ನ್ಯೂಯಾರ್ಕಿನ ಮ್ಯಾನ್‌ಹಟನ್‌ನಲ್ಲಿ ಬಾಡಿಗೆಗೆ ಹಿಡಿದ ಮನೆಯೊಂದರಲ್ಲಿ 16 ಮಂದಿಯ ಮೇಲೆ, ಪತ್ನಿ ಲೀಟಾ ಅವರ ನೆರವಿನೊಂದಿಗೆ ಪ್ರಯೋಗ ನಡೆಯಿತು. ಕೆಲವು ಗುಳಿಗೆಗಳಲ್ಲಿ ಕೆಫೀನ್, ಕೆಲವುಗಳಲ್ಲಿ ಬರಿಯ ಹಾಲಿನ ಸಕ್ಕರೆ. ಯಾವುದು ಯಾವುದೆಂದು ನುಂಗುವವರಿಗೂ ತಿಳಿಯದು, ಪರೀಕ್ಷಿಸುವವರಿಗೂ ತಿಳಿಯದು. ಇಂದು ಔಷಧ ಸಂಶೋಧನೆಯಲ್ಲಿ ಸಾಮಾನ್ಯವಾಗಿರುವ ಈ ವಿಧಾನ ಆಗ ಅಪರೂಪವಾಗಿತ್ತು. ಹಿತಮಿತವಾದ ಪ್ರಮಾಣದಲ್ಲಿ ಕೆಫೀನ್ ಕೈಯ ಮತ್ತು ಬುದ್ಧಿಯ ಚುರುಕನ್ನು ಹೆಚ್ಚಿಸುತ್ತದೆ; ಪ್ರಮಾಣ ಹೆಚ್ಚಿದರೆ ನಿದ್ರೆ ಕೆಡುತ್ತದೆ. ಇದು ಅವರು ಕಂಡ ಫಲ. ಒಳ್ಳೆಯದೋ ಕೆಟ್ಟದ್ದೋ ಎಂಬ ಪ್ರಶ್ನೆಗೆ "ಎಷ್ಟು" ಎಂಬ ಮರುಪ್ರಶ್ನೆಯೇ ಉತ್ತರವಾಗಿ ಬಂದಿತು.

ಆದರೆ ತೀರ್ಪು ಈ ಪುರಾವೆಯ ಮೇಲೆ ನಿಲ್ಲಲಿಲ್ಲ. ಕೆಫೀನ್ ಮೊದಲಿನಿಂದಲೂ ಆ ಪಾನೀಯದ ಅಂಗವೇ ಆದ್ದರಿಂದ ಅದನ್ನು "ಬೆರೆಸಿದ" ವಸ್ತುವೆಂದು ಹೇಳಲಾಗದು ಎಂದು ನ್ಯಾಯಾಧೀಶ ಎಡ್ವರ್ಡ್ ಸ್ಯಾನ್‌ಫರ್ಡ್ ನಿರ್ಣಯಿಸಿದರು, ಕಂಪನಿ ಗೆದ್ದಿತು. 1916ರಲ್ಲಿ ಸರ್ವೋಚ್ಚ ನ್ಯಾಯಾಲಯ ಇದನ್ನು ತಳ್ಳಿಹಾಕಿತು. ಕೆಫೀನ್ ಬೆರೆಸಿದ ವಸ್ತುವೇ ಹೌದು, ಅದು ಹಾನಿಕರವೇ ಎಂಬುದನ್ನು ಜ್ಯೂರಿ ನಿರ್ಧರಿಸಬೇಕು ಎಂದು ನ್ಯಾಯಮೂರ್ತಿ ಚಾರ್ಲ್ಸ್ ಇವಾನ್ಸ್ ಹ್ಯೂಸ್ ತೀರ್ಪು ಬರೆದರು. ಮೊಕದ್ದಮೆ ಮರಳಿ ಕೆಳಗಿನ ನ್ಯಾಯಾಲಯಕ್ಕೆ ಬಂದಾಗ ಕಂಪನಿ ರಾಜಿ ಮಾಡಿಕೊಂಡು ಕೆಫೀನಿನ ಪ್ರಮಾಣವನ್ನು ಅರ್ಧಕ್ಕೆ ಇಳಿಸಿತು. ಹೀಗಾಗಿ "ಇದು ಹಾನಿಕರವೇ, ಎಷ್ಟಾದರೆ ಹಾನಿಕರ" ಎಂಬ ಪ್ರಶ್ನೆಗೆ ಯಾವ ಜ್ಯೂರಿಯೂ ಉತ್ತರ ಹೇಳಲೇ ಇಲ್ಲ. ಆ ಪ್ರಶ್ನೆ ನ್ಯಾಯಾಲಯದಿಂದ ಹೊರಬಂದು ಪ್ರತಿಯೊಂದು ಮನೆಯ ಅಡುಗೆಮನೆಗೆ ಬಂದು ಕುಳಿತಿದೆ.

ಅಲ್ಲಿಂದ ಮುಂದೆ ಅದನ್ನು ಕೈಗೆತ್ತಿಕೊಂಡದ್ದು ವೈದ್ಯವಿಜ್ಞಾನ. ಆ ದಾರಿಯೂ ನೇರವಾಗಿರಲಿಲ್ಲ. 1981ರಲ್ಲಿ ಕಾಫಿಗೂ ಮೇದೋಜೀರಕ ಗ್ರಂಥಿಯ ಕ್ಯಾನ್ಸರಿಗೂ ಸಂಬಂಧವಿರಬಹುದೆಂಬ ವರದಿ ಬಂದು ಜನ ಹೆದರಿದರು. ಮುಂದಿನ ಸಂಶೋಧನೆಗಳು ಅದನ್ನು ಸಮರ್ಥಿಸಲಿಲ್ಲ. ವಿಶ್ವ ಆರೋಗ್ಯ ಸಂಸ್ಥೆಯ ಕ್ಯಾನ್ಸರ್ ಸಂಶೋಧನಾ ವಿಭಾಗ 1991ರಲ್ಲಿ ಕಾಫಿಯನ್ನು ಶಂಕಿತರ ಪಟ್ಟಿಗೆ ಸೇರಿಸಿ, 2016ರಲ್ಲಿ ಅದರಿಂದ ತೆಗೆದುಹಾಕಿತು. ಆದರೆ 65 ಡಿಗ್ರಿ ಸೆಲ್ಸಿಯಸ್ಸಿಗಿಂತ ಬಿಸಿಯಾದ ಯಾವ ಪೇಯವಾದರೂ ಅನ್ನನಾಳಕ್ಕೆ ಕೇಡೆಂಬ ಎಚ್ಚರಿಕೆಯನ್ನು ಅದೇ ಸಂದರ್ಭದಲ್ಲಿ ನೀಡಿತು. ಹೊಗೆಯಾಡುವ ಕಾಫಿಯನ್ನು ಗಂಟಲಿಗೆ ಸುರಿದುಕೊಳ್ಳುವುದೇ ಪೌರುಷವೆಂದು ಭಾವಿಸುವವರು ಇದನ್ನು ಗಮನಿಸಬೇಕು. ಲೋಟದಿಂದ ಬಟ್ಟಲಿಗೆ ಎತ್ತಿ ಹುಯ್ದು ಆರಿಸುವ ನಮ್ಮ ಹಿರಿಯರ ಪದ್ಧತಿ ಬರಿಯ ನೊರೆಗಾಗಿ ಇದ್ದುದಲ್ಲವೆಂದು ತೋರುತ್ತದೆ.

ಇಂದಿನ ತಿಳಿವಳಿಕೆಯ ಸಾರ ಹೀಗಿದೆ. ದಿನವಿಡೀ ದುಡಿದ ಮೆದುಳಿನಲ್ಲಿ ಅಡಿನೋಸಿನ್ ಎಂಬ ವಸ್ತು ಶೇಖರವಾಗಿ ದಣಿವನ್ನು ಸಾರುತ್ತದೆ. ಕೆಫೀನ್ ಆ ವಸ್ತು ಕೂರಬೇಕಾದ ಜಾಗದಲ್ಲಿ ತಾನು ಹೋಗಿ ಕೂರುತ್ತದೆ. ದಣಿವು ಕಳೆಯುವುದಿಲ್ಲ, ದಣಿವಿನ ಸುದ್ದಿ ಮಾತ್ರ ತಲುಪುವುದಿಲ್ಲ. ಆರೋಗ್ಯವಂತರಾದ ಬಹುಪಾಲು ವಯಸ್ಕರಿಗೆ ದಿನಕ್ಕೆ 400 ಮಿಲಿಗ್ರಾಂವರೆಗೆ ಸಾಮಾನ್ಯವಾಗಿ ಅಪಾಯವಿಲ್ಲವೆಂದು ಅಮೆರಿಕ, ಕೆನಡಾ ಮತ್ತು ಯೂರೋಪಿನ ಆಹಾರ ತಜ್ಞರು ಒಪ್ಪಿದ್ದಾರೆ. ಅದನ್ನು ಮೀರಿದರೆ ಎದೆಬಡಿತ, ಕೈನಡುಕ, ಕಳವಳ, ಹೊಟ್ಟೆಯುರಿ, ನಿದ್ರಾಹೀನತೆಗಳು ಕಾಣಿಸಿಕೊಳ್ಳಬಹುದು. ಇಲ್ಲಿಯ 240 ಮಿಲಿಲೀಟರಿನ ಒಂದು ಬಟ್ಟಲು ಕಾಫಿಯಲ್ಲಿ ಸುಮಾರು 95 ಮಿಲಿಗ್ರಾಂ. ಆದರೆ ಅಂಗಡಿಯ ದೊಡ್ಡ ಕಾಗದದ ಲೋಟವೊಂದರಲ್ಲಿಯೇ 300 ಮಿಲಿಗ್ರಾಂ ಇರಬಹುದು. "ದಿನಕ್ಕೆ ಎರಡೇ ಕಾಫಿ" ಎಂದು ಊರಿನಲ್ಲಿ ಹೇಳುತ್ತಿದ್ದ ಮಾತನ್ನೇ ಇಲ್ಲಿಯೂ ಹೇಳುತ್ತೇವೆ. ಮಾತು ಅದೇ, ಲೋಟ ಬೇರೆ. ಊರಿನ ಪುಡಿಯಲ್ಲಿ ಬೆರೆತಿದ್ದ ಚಿಕೋರಿಯಲ್ಲಿ ಕೆಫೀನ್ ಇಲ್ಲವೇ ಇಲ್ಲ ಎಂಬುದೂ ಈ ಲೆಕ್ಕಕ್ಕೆ ಸೇರಬೇಕು.

ಎರಡನೆಯದು ಹೊತ್ತಿನ ಪ್ರಶ್ನೆ. ಸೇವಿಸಿದ ಕೆಫೀನಿನ ಅರ್ಧಭಾಗ ದೇಹದಿಂದ ಹೊರಹೋಗಲು ಸುಮಾರು ಐದು ಗಂಟೆ ಬೇಕು. ಮಲಗುವುದಕ್ಕೆ ಆರು ಗಂಟೆ ಮೊದಲು 400 ಮಿಲಿಗ್ರಾಂ ತೆಗೆದುಕೊಂಡರೂ ನಿದ್ರೆ ಒಂದು ಗಂಟೆಗಿಂತ ಹೆಚ್ಚು ಕಡಿಮೆಯಾಯಿತೆಂದು 2013ರ ಅಧ್ಯಯನವೊಂದು ತೋರಿಸಿತು. ಊರಿನವರೊಡನೆ ಮಾತನಾಡಲೆಂದು ಮಧ್ಯರಾತ್ರಿಯವರೆಗೆ ಎಚ್ಚರವಿರುವ, ಆ ಎಚ್ಚರಕ್ಕೆ ಕಾಫಿಯನ್ನೂ, ಮರುದಿನದ ತೂಕಡಿಕೆಗೆ ಇನ್ನಷ್ಟು ಕಾಫಿಯನ್ನೂ ಮೊರೆಹೋಗುವ ನಮ್ಮ ವಲಸೆ ಬದುಕಿಗೆ ಈ ಲೆಕ್ಕ ನೇರವಾಗಿ ಅನ್ವಯಿಸುತ್ತದೆ.

ಮೂರನೆಯದು ಯಾರಿಗೆ ಎಂಬುದು. ಗರ್ಭಿಣಿಯರ ದೇಹದಲ್ಲಿ ಕೆಫೀನ್ ಬಹಳ ನಿಧಾನವಾಗಿ ಕರಗುತ್ತದೆ. ಕೊನೆಯ ತಿಂಗಳುಗಳಲ್ಲಿ ಮೇಲೆ ಹೇಳಿದ ಐದು ಗಂಟೆ ಹದಿನೈದರವರೆಗೂ ಹೋಗಬಲ್ಲದು. ಆದ್ದರಿಂದಲೇ ಅವರಿಗೆ ದಿನಕ್ಕೆ 200 ಮಿಲಿಗ್ರಾಂ ಮಿತಿಯೆಂದು ಅಮೆರಿಕದ ಪ್ರಸೂತಿ ತಜ್ಞರು ಹೇಳುತ್ತಾರೆ. ಊರಿನಿಂದ ಬರುವ ತಂದೆತಾಯಿಗಳು ಸೇವಿಸುವ ಕೆಲವು ಔಷಧಗಳು, ಉದಾಹರಣೆಗೆ ಸಿಪ್ರೋಫ್ಲಾಕ್ಸಸಿನ್, ಕೆಫೀನನ್ನು ದೇಹದಲ್ಲಿ ಹೆಚ್ಚು ಹೊತ್ತು ಉಳಿಸುತ್ತವೆ. ವೈದ್ಯರನ್ನು ಕೇಳುವುದು ಲೇಸು. ಮಕ್ಕಳ ವಿಷಯದಲ್ಲಂತೂ ವೈಲಿ ಅವರ ಆತಂಕ ಇಂದು ಇನ್ನಷ್ಟು ಪ್ರಸ್ತುತ. ದೇಹದ ತೂಕದ ಪ್ರತಿ ಕಿಲೋಗ್ರಾಮಿಗೆ 2.5 ಮಿಲಿಗ್ರಾಂ ಎಂಬುದು ಕೆನಡಾ ಸರ್ಕಾರ ಹಾಕಿರುವ ಮಿತಿ. 20 ಕಿಲೋ ತೂಗುವ ಮಗುವಿಗೆ ಅದು 50 ಮಿಲಿಗ್ರಾಂ ಆಯಿತು. "ಎನರ್ಜಿ ಡ್ರಿಂಕ್" ಎಂದು ಮಾರುವ 250 ಮಿಲಿಲೀಟರಿನ ಚಿಕ್ಕ ಡಬ್ಬಿಯೊಂದರಲ್ಲಿ ಸಾಮಾನ್ಯವಾಗಿ 80 ಮಿಲಿಗ್ರಾಂ ಇರುತ್ತದೆ. ಇಂಥ ಪಾನೀಯಗಳಿಗೆ ಮಕ್ಕಳ ಆಹಾರದಲ್ಲಿ ಜಾಗವೇ ಇಲ್ಲವೆಂದು ಅಮೆರಿಕದ ಶಿಶುವೈದ್ಯರ ಅಕಾಡೆಮಿ 2011ರಲ್ಲಿ ಸ್ಪಷ್ಟವಾಗಿ ಹೇಳಿದೆ. ಶುದ್ಧ ಕೆಫೀನ್ ಪುಡಿಯಂತೂ ನೇರ ವಿಷ. ಅದರ ಒಂದು ಟೀ ಚಮಚ ಸುಮಾರು 28 ಬಟ್ಟಲು ಕಾಫಿಗೆ ಸಮ. 2014ರಲ್ಲಿ ಈ ದೇಶದಲ್ಲಿ ಇಬ್ಬರು ತರುಣರು ಅದರಿಂದ ಪ್ರಾಣ ಕಳೆದುಕೊಂಡರು. ಪರೀಕ್ಷೆಗೆ ರಾತ್ರಿಯಿಡೀ ಓದುವ ನಮ್ಮ ಮಕ್ಕಳ ಕೋಣೆಯಲ್ಲಿ ಯಾವ ಡಬ್ಬಿಯಿದೆಯೆಂದು ನೋಡುವುದು ಅವರ ಮೇಲಿನ ಅಪನಂಬಿಕೆಯಲ್ಲ.

ಇನ್ನು ಅಭ್ಯಾಸಬಲದ ಮಾತು. ಏಕಾದಶಿಯ ದಿನ ತಲೆನೋವು ಬಂದರೆ ಉಪವಾಸದ್ದೆಂದು ನಮ್ಮವರು ಹೇಳುವುದುಂಟು. ನಿತ್ಯ ಕಾಫಿ ಕುಡಿಯುವವರು ಅಂದು ಅದನ್ನೂ ಬಿಟ್ಟಿದ್ದರೆ, ಆ ನೋವು ಅನ್ನವಿಲ್ಲದ್ದಕ್ಕಿಂತ ಕಾಫಿಯಿಲ್ಲದ್ದರಿಂದ ಬಂದಿರುವ ಸಂಭವ ಉಂಟು. ಕೊನೆಯ ಲೋಟದ ನಂತರ 12ರಿಂದ 24 ಗಂಟೆಗಳಲ್ಲಿ ಅದು ಆರಂಭವಾಗುತ್ತದೆ. ಅಮೆರಿಕದ ಮನೋವೈದ್ಯರ ಸಂಘದ ರೋಗಸೂಚಿ 2013ರ ಆವೃತ್ತಿಯಲ್ಲಿ ಇದನ್ನು ಅಧಿಕೃತವಾಗಿ ಸೇರಿಸಿತು. ಹೆಚ್ಚು ಕುಡಿಯುವವರು ಒಮ್ಮೆಲೇ ನಿಲ್ಲಿಸದೆ, ದಿನದಿನಕ್ಕೆ ಸ್ವಲ್ಪ ಸ್ವಲ್ಪವಾಗಿ ಇಳಿಸುವುದು ಉಚಿತ.

ಬಂಧುಗಳೆ, ಖೈರ್ ಬೇಗನ ನಿಷೇಧ ಉಳಿಯಲಿಲ್ಲ, ಚಾರ್ಲ್ಸ್ ದೊರೆಯ ಘೋಷಣೆ ಉಳಿಯಲಿಲ್ಲ, ಚಟ್ಟನೂಗದ ಮೊಕದ್ದಮೆ ಕೊನೆಯ ತೀರ್ಪಿಲ್ಲದೆ ಮುಗಿಯಿತು. ಮಿತಿಯನ್ನು ಹಾಕಬೇಕಾದವರು ಕೊನೆಗೂ ನಾವೇ. ಇದು ನಮಗೆ ಹೊಸತೇನಲ್ಲ. ಒಂದು ಕಾಫಿಯನ್ನು ಎರಡು ಲೋಟಕ್ಕೆ ಹಂಚಿಕೊಂಡು ಗಂಟೆಗಟ್ಟಲೆ ಸ್ನೇಹವನ್ನು ಸವಿದ "ಬೈಟೂ ಕಾಫಿ"ಯ ನಾಡಿನಿಂದ ಬಂದವರು ನಾವು. ಕಾಫಿಯ ಪರಿಮಳವನ್ನು ಸಾಗರದಾಚೆಗೆ ತಂದಂತೆ ಆ ಅಳತೆಯನ್ನೂ ಜೊತೆಗೆ ತಂದಿದ್ದೇವೆಯೇ ಎಂಬುದನ್ನು ನಮ್ಮ ನಮ್ಮ ಮನೆಗಳಲ್ಲಿ, ಮಕ್ಕಳ ಎದುರಿನಲ್ಲಿ, ವಿಚಾರಿಸಿ ನೋಡೋಣ.