ಕಂಬ ಹತ್ತುವವರ ಕಾನೂನು

ಬೆಂಗಳೂರಿನ ಬೀದಿದೀಪದ ಮಾತು ಬಂದರೆ 1905ರ ಆಗಸ್ಟ್ 5ರ ನೆನಪು ಬರುತ್ತದೆ. ಅಂದು ಇಂದಿನ ಕೆ.ಆರ್. ಮಾರುಕಟ್ಟೆಯ ಬಳಿ ವಿದ್ಯುತ್ ದೀಪ ಬೆಳಗಿತು. ‘ಏಷ್ಯಾದಲ್ಲೇ ಮೊದಲು’ ಎಂದು ಹೆಮ್ಮೆಪಡುವವರಿದ್ದಾರೆ. ಆದರೆ ಮುಂಬೈಯ ಕ್ರಾಫರ್ಡ್ ಮಾರುಕಟ್ಟೆ 1882ರಲ್ಲೇ ವಿದ್ಯುತ್ ದೀಪ ಕಂಡಿತ್ತು. ಮೊದಲು ಯಾರು ಎಂಬ ಈ ಪೈಪೋಟಿಯಲ್ಲಿ ಇನ್ನೊಂದು ಪ್ರಶ್ನೆ ಹಿಂದೆ ಬಿದ್ದಿದೆ: ಹೊತ್ತಿದ ದೀಪ ಕೆಟ್ಟಾಗ ಕಂಬ ಹತ್ತಿದವರನ್ನು ಕಾಪಾಡಿದ್ದು ಏನು?

ವಿದ್ಯುತ್ತಿಗೆ ಮೊದಲು ಬೀದಿಗೆ ಬೆಳಕು ಕೊಟ್ಟದ್ದು ಬೆಂಕಿ. ಕೋಲ್ಕತ್ತದಲ್ಲಿ 1857ರಲ್ಲಿ, ಮುಂಬೈಯಲ್ಲಿ 1865ರಲ್ಲಿ ಗ್ಯಾಸ್ ದೀಪ ಬಂತು. ಬೆಂಗಳೂರಿನ ಬೀದಿಗಳಲ್ಲಿ ಇದ್ದದ್ದು ಸೀಮೆಎಣ್ಣೆ ದೀಪ. ಏಣಿ ಇಟ್ಟು, ಗಾಜು ಒರೆಸಿ, ಬತ್ತಿ ಕತ್ತರಿಸಿ, ಎಣ್ಣೆ ತುಂಬುವ ಕೆಲಸವದು. ಕೈ ಸುಡಬಹುದು, ಏಣಿ ಜಾರಬಹುದು. ಆದರೆ ಆ ಅಪಾಯ ಕಣ್ಣಿಗೆ ಕಾಣುತ್ತಿತ್ತು.

ಶಿವನಸಮುದ್ರದಲ್ಲಿ 1902ರಲ್ಲಿ ಜಲವಿದ್ಯುತ್ ಹುಟ್ಟಿ, ಸುಮಾರು 147 ಕಿಲೋಮೀಟರ್ ತಂತಿಯ ಮೇಲೆ ಕೋಲಾರದ ಚಿನ್ನದ ಗಣಿಗೆ ಹೋಯಿತು. ಮೂರು ವರ್ಷದ ಬಳಿಕ ಅದೇ ವಿದ್ಯುತ್ತು ಬೆಂಗಳೂರಿಗೆ ಬಂತು. ಅದರೊಂದಿಗೆ ಅಪಾಯದ ಸ್ವರೂಪವೂ ಬದಲಾಯಿತು. ವಿದ್ಯುತ್ ಹರಿಯುವ ತಂತಿಗೂ ಹರಿಯದ ತಂತಿಗೂ ನೋಟದಲ್ಲಿ ವ್ಯತ್ಯಾಸವಿಲ್ಲ. ಕಣ್ಣು ಮಾಡುತ್ತಿದ್ದ ಕೆಲಸವನ್ನು ಇನ್ನು ಮೇಲೆ ನಿಯಮ ಮಾಡಬೇಕಾಯಿತು.

ಬ್ರಿಟಿಷ್ ಇಂಡಿಯಾದ 1910ರ ವಿದ್ಯುತ್ ಕಾಯ್ದೆ ಅಪಘಾತವನ್ನು ವರದಿ ಮಾಡಬೇಕೆಂದಿತು, ವಿದ್ಯುತ್ ಇನ್‌ಸ್ಪೆಕ್ಟರ್ ಎಂಬ ಹುದ್ದೆಗೆ ದಾರಿ ಮಾಡಿತು. ಸ್ವಾತಂತ್ರ್ಯದ ನಂತರ ಬಂದ 1956ರ ವಿದ್ಯುತ್ ನಿಯಮಗಳಲ್ಲಿ 36ನೆಯದು ನೇರವಾಗಿ ಕಂಬ ಹತ್ತುವವರ ನಿಯಮ. ತಂತಿ ಮುಟ್ಟುವ ಮೊದಲು ಅದರಲ್ಲಿ ಉಳಿದ ವಿದ್ಯುತ್ತನ್ನು ಅರ್ಥಿಂಗ್ ಮಾಡಿ ನೆಲಕ್ಕಿಳಿಸಬೇಕು. ಕೆಲಸದ ನಡುವೆ ಅದು ಅಕಸ್ಮಾತ್ತಾಗಿ ಮತ್ತೆ ಹರಿಯದಂತೆ ತಡೆಯಬೇಕು. ಕೈಗವಸು, ರಬ್ಬರ್ ಬೂಟು, ಸುರಕ್ಷತಾ ಬೆಲ್ಟ್, ಹೆಲ್ಮೆಟ್, ಏಣಿ, ಲೈನ್ ಟೆಸ್ಟರ್ ಕೊಡಬೇಕು. ಲೈನ್‌ಮನ್‌ಗಳ ಬಾಯಲ್ಲಿ ಈ ವ್ಯವಸ್ಥೆಯ ಮೊದಲ ಹೆಜ್ಜೆಗೆ ‘ಲೈನ್ ಕ್ಲಿಯರ್’ ಎಂದು ಹೆಸರು: ವಿದ್ಯುತ್ ತೆಗೆದಿದೆ ಎಂಬ ಮಾತು ಕೈಗೆ ಬರುವವರೆಗೆ ಏಣಿ ಏರಬಾರದು.

ಬೀದಿದೀಪದಲ್ಲಿ ಮೋಸಹೋಗುವುದು ಸುಲಭ. ಹಗಲು ದೀಪ ಆರಿರುತ್ತದೆ, ಆದ್ದರಿಂದ ತಂತಿಯೂ ಸತ್ತಿದೆ ಎನಿಸುತ್ತದೆ. ಆದರೆ ಅದೇ ಕಂಬದ ಮೇಲೆ ಮನೆಗಳಿಗೆ ಹೋಗುವ ತಂತಿ ಇರುತ್ತದೆ. ದೂರದಲ್ಲಿ ಯಾರೋ ಸ್ವಿಚ್ ಒತ್ತಬಹುದು. ಸರಿಯಾಗಿ ಜೋಡಿಸದ ಜನರೇಟರ್ ಇದ್ದರೆ ಮನೆಯ ಕಡೆಯಿಂದಲೂ ವಿದ್ಯುತ್ ಹಿಂದಕ್ಕೆ ಹರಿಯಬಹುದು. ಅರ್ಥಿಂಗ್ ಕೆಟ್ಟ ಕಬ್ಬಿಣದ ಕಂಬದಲ್ಲಿ ತಂತಿಯ ಹೊದಿಕೆ ಹರಿದಿದ್ದರೆ, ಮಳೆಯಲ್ಲಿ ಅದಕ್ಕೆ ಕೈಯಾನಿಸಿದ ದಾರಿಹೋಕನಿಗೂ ಅಪಾಯ.

ಕಂಬದ ಮೇಲಿನ ಅಪಾಯಕ್ಕೆ ನಿಯಮ ಬಂದ ಮೇಲೂ ಕಂಬದ ಕೆಳಗಿನದು ಉಳಿದಿತ್ತು. ವಾಹನ ಹೆಚ್ಚಿದಂತೆ ಏಣಿ ಹಿಡಿದು ನಿಂತವನೂ ಅಪಾಯಕ್ಕೆ ಸಿಕ್ಕಿದ. ಭಾರತೀಯ ರಸ್ತೆ ಕಾಂಗ್ರೆಸ್ ರಸ್ತೆ ಕಾಮಗಾರಿಯ ಸುರಕ್ಷತೆಗೆಂದೇ ಮಾರ್ಗಸೂಚಿ ಹೊರಡಿಸಿ, 2014ರಲ್ಲಿ ಪರಿಷ್ಕರಿಸಿತು. ಕೆಲಸದ ಜಾಗಕ್ಕೆ ಬಹು ಮುಂಚೆಯೇ ಎಚ್ಚರಿಕೆಯ ಫಲಕ, ದಾರಿ ಕಿರಿದಾಗುವಲ್ಲಿ ಓರೆಯಾಗಿ ಸಾಲಿಟ್ಟ ಕೋನ್‌ಗಳು, ದೂರಕ್ಕೆ ಹೊಳೆಯುವ ಜಾಕೆಟ್: ಇವೆಲ್ಲ ಚಾಲಕನಿಗೆ ಯೋಚಿಸಲು ಕೆಲವು ಕ್ಷಣ ಕೊಡುವ ಉಪಾಯಗಳು.

1910ರ ಕಾಯ್ದೆಯ ಜಾಗಕ್ಕೆ 2003ರ ಕಾಯ್ದೆ ಬಂತು. ಸುರಕ್ಷತಾ ನಿಯಮಗಳು 2010ರಲ್ಲಿ, ಮತ್ತೆ 2023ರಲ್ಲಿ ಹೊಸದಾದವು. 2015ರಲ್ಲಿ ಕೇಂದ್ರದ ಯೋಜನೆಯೊಂದಿಗೆ ಬೀದಿಗಿಳಿದ ಎಲ್‌ಇಡಿ ಹೆಚ್ಚು ಕಾಲ ಬಾಳುವುದರಿಂದ ಕಂಬ ಹತ್ತುವ ಸರದಿಯೂ ಕಡಿಮೆಯಾಗಬೇಕು. ಆದರೆ ಹತ್ತಲೇಬೇಕಾದ ದಿನ ಬಂದೇ ಬರುತ್ತದೆ. ಗುತ್ತಿಗೆಯ ಹುಡುಗನ ಕೈಯಲ್ಲಿ ಕಟಿಂಗ್ ಪ್ಲೇಯರ್ ಮಾತ್ರ ಇದ್ದರೆ, ಪುಸ್ತಕದಲ್ಲಿರುವ ನಿಯಮ ಅವನನ್ನು ಕಾಯಲಾರದು.

ಕಲಿತ ಲೈನ್‌ಮನ್ ಅರ್ಥಿಂಗ್ ಸಲಾಕೆಯನ್ನು ಮೊದಲು ನೆಲಕ್ಕೆ ಜೋಡಿಸುತ್ತಾನೆ, ಆಮೇಲೆ ತಂತಿಗೆ. ಬಿಚ್ಚುವಾಗ ಮೊದಲು ತಂತಿಯಿಂದ, ಕೊನೆಗೆ ನೆಲದಿಂದ. ಸಂಜೆ ಬೀದಿಯಲ್ಲಿ ದೀಪ ಹೊತ್ತುವುದು ಈ ಕ್ರಮ ತಪ್ಪದವರ ದೆಸೆಯಿಂದ.