ಬೆನ್ನುಹುರಿಯ ನರಮೂಲಗಳು: ಬೆಲ್–ಮಜಾಂಡಿ ವಿವಾದದ ದಾಖಲೆಗಳ ಪರಿಶೀಲನೆ

ಶರೀರಶಾಸ್ತ್ರವನ್ನು ವ್ಯಾಸಂಗ ಮಾಡುವ ವಿದ್ಯಾರ್ಥಿಗಳು ಆರಂಭದಲ್ಲಿಯೇ ಕಂಠಪಾಠ ಮಾಡಬೇಕಾದ ನಿಯಮಗಳಲ್ಲಿ ಬೆಲ್–ಮಜಾಂಡಿ ನಿಯಮವೂ ಒಂದು. ಮನುಷ್ಯನ ಬೆನ್ನುಹುರಿಯಿಂದ 31 ಜೊತೆ ನರಗಳು ಹೊರಡುತ್ತವೆ. ಪ್ರತಿಯೊಂದು ನರಕ್ಕೂ ಎರಡು ಬೇರುಗಳುಂಟು. ಒಂದು ಹೊಟ್ಟೆಯ ಕಡೆಗಿರುವ ಮುಂಬೇರು, ಇನ್ನೊಂದು ಬೆನ್ನಿನ ಕಡೆಗಿರುವ ಹಿಂಬೇರು. ಹಿಂಬೇರಿನ ಮೇಲೆ ಸಣ್ಣದೊಂದು ನರಗಂಟು ಇರುತ್ತದೆ, ಮುಂಬೇರಿಗೆ ಅದಿಲ್ಲ. ಎರಡು ಬೇರುಗಳೂ ಕೂಡಿ ಒಂದೇ ನರವಾಗಿ ಬೆನ್ನೆಲುಬಿನ ಸಂದಿನಿಂದ ಹೊರಬಂದ ಮೇಲೆ, ಅದರೊಳಗಿನ ಎಳೆಗಳಲ್ಲಿ ಯಾವುದು ಎಲ್ಲಿಂದ ಬಂದುದೆಂದು ಬರಿಗಣ್ಣಿನಿಂದ ಹೇಳುವುದು ಸಾಧ್ಯವಿಲ್ಲ. ಆದರೆ ಬೇರುಗಳ ಕಾರ್ಯ ಬೇರೆ ಬೇರೆ: ಮುಂಬೇರಿನ ಮೂಲಕ ಚಲನೆಯ ಆಜ್ಞೆ ಮಾಂಸಖಂಡಗಳಿಗೆ ಹೋಗುತ್ತದೆ, ಹಿಂಬೇರಿನ ಮೂಲಕ ನೋವು, ಸ್ಪರ್ಶ, ಬಿಸಿ, ತಂಪುಗಳ ಅರಿವು ಒಳಕ್ಕೆ ಬರುತ್ತದೆ. ಇದೇ ಆ ನಿಯಮ.

ನಾವು ಇತಿಹಾಸದ ವಿದ್ಯಾರ್ಥಿಗಳು. ನಿಯಮದ ಸತ್ಯತೆಯನ್ನು ವಿಚಾರಿಸುವುದು ನಮ್ಮ ಅಧಿಕಾರಕ್ಕೆ ಮೀರಿದ ವಿಷಯ. ಆ ಎರಡು ಹೆಸರುಗಳ ನಡುವಣ ಕಿರುಗೆರೆಯೇ ನಮ್ಮ ಲೇಖನದ ವಸ್ತು. ಇಬ್ಬರು ವಿಜ್ಞಾನಿಗಳು ಕೈಜೋಡಿಸಿ ಕೆಲಸಮಾಡಿದರೆಂಬ ಭಾವನೆಯನ್ನು ಆ ಗೆರೆ ಹುಟ್ಟಿಸುತ್ತದೆ. ನಡೆದುದು ಹಾಗಲ್ಲ. ಇಂಗ್ಲೆಂಡು ಫ್ರಾನ್ಸುಗಳ ನಡುವೆ ಅರ್ಧ ಶತಮಾನಕ್ಕೂ ಹೆಚ್ಚು ಕಾಲ ಉರಿದ ಒಂದು ವ್ಯಾಜ್ಯಕ್ಕೆ ಅದು ಹಾಕಿದ ಮುಸುಕು.

ಅರಿವು ಮತ್ತು ಚಲನೆ ಬೇರೆ ಬೇರೆ ದಾರಿಗಳಲ್ಲಿ ಸಾಗುತ್ತವೆಯೆಂಬ ಸಂಶಯ ಹಳೆಯದು. ಕ್ರಿಸ್ತಪೂರ್ವ 3ನೆಯ ಶತಮಾನದಲ್ಲಿ ಅಲೆಕ್ಸಾಂಡ್ರಿಯದ ಹಿರೋಫಿಲಸ್, ಎರಾಸಿಸ್ಟ್ರೇಟಸ್ ಇವರು ಈ ಮಾತನ್ನು ಎತ್ತಿದ್ದರು. ಕ್ರಿಸ್ತಶಕ 2ನೆಯ ಶತಮಾನದಲ್ಲಿ ಗೇಲನ್ ವೈದ್ಯನು ಒಬ್ಬ ರೋಗಿಯ ವೃತ್ತಾಂತವನ್ನು ಬರೆದಿದ್ದಾನೆ. ಪಾಸೇನಿಯಸ್ ಎಂಬ ಸಿರಿಯಾದೇಶದ ಪಂಡಿತನೊಬ್ಬನು ಬಂಡಿಯಿಂದ ಬಿದ್ದನು. ಕಾಲಾನಂತರದಲ್ಲಿ ಅವನ ಕೈಬೆರಳುಗಳಲ್ಲಿ ಕೆಲವು ಸ್ಪರ್ಶಜ್ಞಾನವನ್ನು ಕಳೆದುಕೊಂಡುವು, ಚಲನೆ ಮಾತ್ರ ಉಳಿದಿತ್ತು. ಉಳಿದ ವೈದ್ಯರು ಬೆರಳಿಗೆ ಲೇಪ ಹಚ್ಚುತ್ತಿದ್ದರು. ಗೇಲನನು ಆ ಲೇಪವನ್ನು ಬೆನ್ನಿನ ಮೇಲ್ಭಾಗಕ್ಕೆ, ಆ ಬೆರಳುಗಳ ನರ ಹೊರಡುವ ಎಡೆಗೆ ಹಚ್ಚಿಸಿ ಅವನನ್ನು ಗುಣಪಡಿಸಿದುದಾಗಿ ಹೇಳಿಕೊಳ್ಳುತ್ತಾನೆ. ರೋಗನಿರ್ಣಯದ ಈ ಸೂಕ್ಷ್ಮತೆ ಮೆಚ್ಚತಕ್ಕದ್ದು. ಆದರೂ ಬೇರುಗಳ ಕಾರ್ಯವಿಭಾಗ ಅವನಿಗೆ ಹೊಳೆಯಲಿಲ್ಲ. ಮುಂದೆ ಹದಿನಾರು ಶತಮಾನಗಳ ಕಾಲ ಇತರರಿಗೂ ಹೊಳೆಯಲಿಲ್ಲ. 1809ರಲ್ಲಿ ಅಲೆಕ್ಸಾಂಡರ್ ವಾಕರ್ ಎಂಬಾತನು ಒಂದು ಬೇರು ಅರಿವಿಗೆ, ಇನ್ನೊಂದು ಚಲನೆಗೆ ಎಂದು ಪ್ರಕಟಿಸಿದನು. ಆದರೆ ಅವನು ಪ್ರಯೋಗ ಮಾಡಿರಲಿಲ್ಲ. ಮುಂಬೇರನ್ನು ಅರಿವಿಗೂ ಹಿಂಬೇರನ್ನು ಚಲನೆಗೂ ಹಂಚಿ, ಸತ್ಯವನ್ನು ತಲೆಕೆಳಗಾಗಿ ಹಿಡಿದನು.

ಇನ್ನು ಚಾರ್ಲ್ಸ್ ಬೆಲ್. ಇವನು 1774ರಲ್ಲಿ ಎಡಿನ್‌ಬರೋದಲ್ಲಿ ಹುಟ್ಟಿ, 1804ರಲ್ಲಿ ಲಂಡನ್ನಿಗೆ ಬಂದು, ಅಂಗರಚನಾಶಾಸ್ತ್ರವನ್ನು ಬೋಧಿಸುತ್ತಿದ್ದ ಶಸ್ತ್ರವೈದ್ಯ, ಒಳ್ಳೆಯ ಚಿತ್ರಕಾರ, ವಾಟರ್ಲೂ ಯುದ್ಧದ ಗಾಯಾಳುಗಳನ್ನು ಶುಶ್ರೂಷಿಸಿ ಅವರ ಚಿತ್ರಗಳನ್ನೂ ಬರೆದಿಟ್ಟವನು. 1811ರಲ್ಲಿ ಅವನು ಮಿದುಳಿನ ಹೊಸ ಅಂಗರಚನೆಯನ್ನು ಕುರಿತ ಒಂದು ಕಿರುಹೊತ್ತಗೆಯನ್ನು ನೂರು ಪ್ರತಿಗಳಷ್ಟು ಅಚ್ಚುಹಾಕಿಸಿ ಸ್ನೇಹಿತರಿಗೆ ಹಂಚಿದನು. ಅದು ಮಾರಾಟಕ್ಕೆ ಬರಲಿಲ್ಲ. ಬೆಲ್ಲನ ಪಕ್ಷದ ವಾದವೆಲ್ಲವೂ ಈ ಹೊತ್ತಗೆಯ ಮೇಲೆ ನಿಂತಿರುವುದರಿಂದ ಇದರೊಳಗೆ ಏನಿದೆ, ಏನಿಲ್ಲ ಎಂಬುದನ್ನು ನಿಧಾನವಾಗಿ ನೋಡಬೇಕು.

ಬೇರುಗಳನ್ನು ಬಯಲುಮಾಡಿ ಹಿಂಬೇರನ್ನು ಕತ್ತರಿಸಿದಾಗ ಬೆನ್ನಿನ ಮಾಂಸಖಂಡಗಳು ಸೆಳೆಯಲಿಲ್ಲ. ಮುಂಬೇರನ್ನು ಚೂರಿಯ ಮೊನೆಯಿಂದ ಮುಟ್ಟಿದೊಡನೆ ಅವು ಸೆಳೆದುವು: ಇದಿಷ್ಟು ಅವನು ಕಂಡುದು. ಇದು ನಿಜವಾದ ಪ್ರಯೋಗ. ಇದರ ಶ್ರೇಯಸ್ಸನ್ನು ಅವನಿಂದ ಕಿತ್ತುಕೊಳ್ಳುವವರು ಅನ್ಯಾಯ ಮಾಡುತ್ತಾರೆ. ಆದರೆ ಇದರಿಂದ ಅವನು ತೆಗೆದ ತೀರ್ಮಾನ ಯಾವುದು? ಮುಂಬೇರು ಹಿರಿಮಿದುಳಿಗೆ ಸೇರಿದ್ದು, ಅರಿವು ಮತ್ತು ಇಚ್ಛಾಚಲನೆಗಳೆರಡೂ ಅದರ ಪಾಲು. ಹಿಂಬೇರು ಕಿರುಮಿದುಳಿಗೆ ಸೇರಿದ್ದು, ದೇಹದ ಗುಪ್ತವಾದ ಜೀವನವ್ಯಾಪಾರಗಳು ಅದರ ಪಾಲು. ಹಿಂಬೇರು ಅರಿವಿನ ದಾರಿಯೆಂಬ ಮಾತು ಹೊತ್ತಗೆಯಲ್ಲಿ ಎಲ್ಲಿಯೂ ಇಲ್ಲ. ಇರುವುದು ಸಾಧ್ಯವೂ ಇರಲಿಲ್ಲ. ತಾನು ಪೆಟ್ಟಿನಿಂದ ಪ್ರಜ್ಞೆ ತಪ್ಪಿಸಿದ ಮೊಲದ ಮೇಲೆ ಪ್ರಯೋಗ ನಡೆಸಿದುದಾಗಿ ಬೆಲ್ಲನೇ ಮುಂದೆ ವಿವರಿಸಿದ್ದಾನೆ. ಎಚ್ಚರವಿಲ್ಲದ ಪ್ರಾಣಿಯ ಮಾಂಸಖಂಡ ಸೆಳೆಯುವುದನ್ನು ಕಾಣಬಹುದು. ಅದಕ್ಕೆ ನೋವಾಯಿತೇ ಇಲ್ಲವೇ ಎಂದು ಕೇಳುವುದು ಹೇಗೆ?

ಹತ್ತು ವರ್ಷಗಳು ಕಳೆದುವು. 1821ರ ಜುಲೈ ತಿಂಗಳಿನಲ್ಲಿ ಬೆಲ್ಲನು ಮುಖದ ನರಗಳನ್ನು ಕುರಿತ ಒಂದು ಪ್ರಬಂಧವನ್ನು ರಾಯಲ್ ಸೊಸೈಟಿಯ ಮುಂದಿಟ್ಟನು. ಕತ್ತೆಯ ಮುಖಕ್ಕೆ ಬರುವ ಐದನೆಯ ನರದ ಶಾಖೆಯನ್ನು ಕತ್ತರಿಸಿದಾಗ ಅದು ತುಟಿಯಿಂದ ಧಾನ್ಯವನ್ನು ಎತ್ತಿಕೊಳ್ಳಲಾರದೆ ಹೋಯಿತು. ಆದುದರಿಂದ ಆ ಶಾಖೆ ತುಟಿಯ ಚಲನೆಗೂ ಕಾರಣವೆಂದು ಅವನು ತಿಳಿದನು. ವಾಸ್ತವವಾಗಿ ಕತ್ತೆಗೆ ತುಟಿಯ ಅರಿವು ಹೋಗಿತ್ತು. ಧಾನ್ಯ ತಗಲಿದುದು ಗೊತ್ತಾಗದ ಕಾರಣ ಅದು ತುಟಿಯನ್ನು ಚಾಚಲಿಲ್ಲ. 1822ರಲ್ಲಿ ಹರ್ಬರ್ಟ್ ಮೇಯೋ ಎಂಬ ಲಂಡನ್ನಿನ ಇನ್ನೊಬ್ಬ ವೈದ್ಯನು ಮುಖದ ಅರಿವು ಐದನೆಯ ನರದ್ದು, ಮುಖದ ಚಲನೆ ಏಳನೆಯದರದ್ದು ಎಂದು ತೋರಿಸಿದನು. ಇದು ಕೇವಲ ಪಂಡಿತರ ಜಗಳವಾಗಿರಲಿಲ್ಲ. ಮುಖದ ಒಂದು ಪಾರ್ಶ್ವದಲ್ಲಿ ಮಿಂಚಿನಂತೆ ಹೊಡೆಯುವ ನರಶೂಲೆಗೆ ಚಿಕಿತ್ಸೆಯೆಂದು ಆ ಕಾಲದ ಶಸ್ತ್ರವೈದ್ಯರು ಏಳನೆಯ ನರವನ್ನು ಕತ್ತರಿಸಿದುದುಂಟು. ರೋಗಿಯ ನೋವು ಹಾಗೆಯೇ ಉಳಿಯುತ್ತಿತ್ತು, ಮುಖ ಮಾತ್ರ ಶಾಶ್ವತವಾಗಿ ಜೋತುಬೀಳುತ್ತಿತ್ತು.

ಪ್ಯಾರಿಸ್ಸಿನಲ್ಲಿ ಫ್ರಾಂಸ್ವಾ ಮಜಾಂಡಿ ಇದ್ದನು. 1783ರಲ್ಲಿ ಬೋರ್ಡೋ ನಗರದಲ್ಲಿ ಹುಟ್ಟಿದ ಇವನು ಸಿದ್ಧಾಂತಗಳನ್ನು ಕಂಡರೆ ಸಿಡುಕುವ, ಪ್ರಯೋಗವೊಂದನ್ನೇ ನಂಬುವ ಮನುಷ್ಯ. ಬೆಲ್ಲನ ಭಾವಮೈದುನನೂ ಸಹಾಯಕನೂ ಆದ ಜಾನ್ ಷಾ 1821ರಲ್ಲಿ ಪ್ಯಾರಿಸ್ಸಿಗೆ ಹೋಗಿ ಮುಖದ ನರಗಳ ಪ್ರಯೋಗವನ್ನು ಇವನಿಗೆ ತೋರಿಸಿದ್ದನು. 1822ರಲ್ಲಿ ಮಜಾಂಡಿಯು ಆರು ವಾರದ ಎಂಟು ನಾಯಿಮರಿಗಳನ್ನು ತರಿಸಿದನು. ಎಳೆಯ ಮರಿಗಳ ಬೆನ್ನೆಲುಬು ಮೃದುವಾಗಿದ್ದುದರಿಂದ ಹರಿತವಾದ ಚೂರಿಯಿಂದ ಅದನ್ನು ತೆರೆದು, ಬೆನ್ನುಹುರಿಗೆ ಧಕ್ಕೆ ತಾರದೆ ಬೇರುಗಳನ್ನು ಮುಟ್ಟುವುದು ಸಾಧ್ಯವಾಯಿತು. ಹಿಂಬೇರುಗಳನ್ನು ಕತ್ತರಿಸಿ ಗಾಯವನ್ನು ಹೊಲಿದನು. ಆ ಕಾಲನ್ನು ಹಿಸುಕಿದರೂ ಚುಚ್ಚಿದರೂ ಮರಿಗೆ ಅರಿವಾಗಲಿಲ್ಲ. ಮೊದಲು ಕಾಲು ಸತ್ತಂತೆಯೇ ಕಂಡಿತು. ಸ್ವಲ್ಪ ಹೊತ್ತಿನಲ್ಲಿ ಅದು ಚಲಿಸಿತು. ಮಜಾಂಡಿಗೆ ತನ್ನ ಕಣ್ಣನ್ನು ನಂಬುವುದಾಗಲಿಲ್ಲ. ಎರಡನೆಯ ಸಾರಿ, ಮೂರನೆಯ ಸಾರಿ ಮಾಡಿ ನೋಡಿದನು. ಬಳಿಕ ಹೆಚ್ಚು ಕಷ್ಟವಾದ ಮುಂಬೇರುಗಳ ಛೇದನ. ಈಗ ಕಾಲು ಜೋತುಬಿದ್ದಿತು, ಆದರೆ ನೋವಿನ ಅರಿವು ಪೂರ್ಣವಾಗಿ ಉಳಿದಿತ್ತು.

ಇಷ್ಟಕ್ಕೇ ನಿಲ್ಲದೆ ಅವನು ಇನ್ನೊಂದು ಪರೀಕ್ಷೆಯನ್ನು ಮಾಡಿದನು. ನಮ್ಮ ಮಲೆನಾಡಿನ ಕಾಡುಗಳಲ್ಲಿ ಬೆಳೆಯುವ ಕಾಸರಕ ಮರದ ಬೀಜದ ವಿಷ ಮೈಯನ್ನು ಬಿಲ್ಲಿನಂತೆ ಸೆಟೆಸುವುದೆಂಬುದು ನಮ್ಮವರಿಗೆ ತಿಳಿಯದ ವಿಷಯವಲ್ಲ. ಆ ವಿಷದ ಕಾರ್ಯವನ್ನು ಮಜಾಂಡಿಯು ಮೊದಲೇ, 1809ರ ವೇಳೆಗೆ, ಅಭ್ಯಾಸ ಮಾಡಿದ್ದನು. ಹಿಂಬೇರು ಕತ್ತರಿಸಿದ ಪ್ರಾಣಿಗೆ ಅದನ್ನು ಕೊಟ್ಟಾಗ ಕಾಲು ಎಂದಿನಂತೆಯೇ ಸೆಟೆಯಿತು. ಮುಂಬೇರು ಕತ್ತರಿಸಿದ ಪ್ರಾಣಿಯಲ್ಲಿ ಮೈಯೆಲ್ಲ ಸೆಟೆದರೂ ಆ ಒಂದು ಕಾಲು ಮಾತ್ರ ಸಡಿಲವಾಗಿ ಬಿದ್ದಿತ್ತು. ಚಲನೆಯ ದಾರಿ ಯಾವುದೆಂಬುದಕ್ಕೆ ಇದಕ್ಕಿಂತ ಸ್ಪಷ್ಟವಾದ ಸಾಕ್ಷ್ಯವನ್ನು ಕೇಳುವುದು ಕಷ್ಟ. ಈ ಫಲಿತಾಂಶಗಳನ್ನು ಅವನು ಅದೇ ವರ್ಷ ತನ್ನ ಪತ್ರಿಕೆಯಲ್ಲಿ ಪ್ರಕಟಿಸಿದನು.

ಷಾ ಸುಮ್ಮನಿರಲಿಲ್ಲ. ಇದನ್ನೆಲ್ಲ ಬೆಲ್ಲನು ಹಿಂದೆಯೇ ಮಾಡಿದ್ದಾನೆಂದು ತಿಳಿಸಿ, 1811ರ ಹೊತ್ತಗೆಯನ್ನು ಮಜಾಂಡಿಗೆ ಕಳುಹಿಸಿದನು. ಮಜಾಂಡಿಯು ಸಂಬಂಧಪಟ್ಟ ಭಾಗವನ್ನು ತನ್ನ ಪತ್ರಿಕೆಯಲ್ಲಿಯೇ ಅಚ್ಚುಹಾಕಿ, ಬೇರುಗಳನ್ನು ಪ್ರತ್ಯೇಕವಾಗಿ ಕತ್ತರಿಸುವ ಯೋಚನೆ ಬೆಲ್ಲನಿಗೆ ತನಗಿಂತ ಮೊದಲೇ ಬಂದಿತ್ತೆಂದೂ, ಅವನು ಈ ಶೋಧಕ್ಕೆ ಬಲು ಸಮೀಪದಲ್ಲಿದ್ದನೆಂದೂ ಒಪ್ಪಿಕೊಂಡನು. ಆದರೆ ಎರಡು ಬೇರುಗಳ ಕಾರ್ಯವನ್ನು ನಿರ್ಧರಿಸಿದುದು ತಾನೆಂಬ ಮಾತನ್ನು ಬಿಟ್ಟುಕೊಡಲಿಲ್ಲ. ಪ್ರತಿಪಕ್ಷದವರು ಇವನನ್ನು ಅಹಂಕಾರಿಯೆಂದು ಬಣ್ಣಿಸಿದ್ದಾರೆ. ಈ ಸಂದರ್ಭದ ನಡತೆಯಲ್ಲಿ ನಮಗೆ ಅಹಂಕಾರ ಕಾಣುವುದಿಲ್ಲ.

ಇನ್ನು ಮುಂದಿನ ಭಾಗ ಬರೆಯಲು ಹಿತವಾದುದಲ್ಲ. 1824ರಲ್ಲಿ ಬೆಲ್ಲನು ರಾಯಲ್ ಸೊಸೈಟಿಗೆ ಒಪ್ಪಿಸಿದ್ದ ತನ್ನ ಪ್ರಬಂಧಗಳನ್ನು ಒಟ್ಟುಗೂಡಿಸಿ ಒಂದು ಪುಸ್ತಕವಾಗಿ ಹೊರತಂದನು. ಓದುಗರು ಅವುಗಳನ್ನು ಮೂಲದ ಮರುಮುದ್ರಣವೆಂದೇ ತಿಳಿದರು. ಆದರೆ 1821ರ ಮೂಲಪಾಠವನ್ನು ಪಕ್ಕದಲ್ಲಿಟ್ಟು ಓದಿದರೆ, ಐದನೆಯ ನರದ ಶಾಖೆಗೆ ಚಲನೆಯನ್ನು ಆರೋಪಿಸಿದ್ದ ಮಾತುಗಳು ಅಲ್ಲಲ್ಲಿ ತಿದ್ದಿಹೋಗಿರುವುದು ಕಾಣುತ್ತದೆ. ತಿದ್ದಿದುದಾಗಿ ಸೂಚನೆಯಿಲ್ಲ. ಮೇಯೋ ಮತ್ತು ಮಜಾಂಡಿಯರು 1822ರಲ್ಲಿ ಹೇಳಿದುದು ಬೆಲ್ಲನಿಗೆ 1821ರಲ್ಲಿಯೇ ತಿಳಿದಿತ್ತೆಂದು ತೋರುವಂತೆ ಪಾಠ ಸಿದ್ಧವಾಗಿದೆ.

ಕರ್ನಾಟಕದ ಇತಿಹಾಸವನ್ನು ಓದಿದವರಿಗೆ ಇಂಥ ಸಂಗತಿ ಅಪರಿಚಿತವಲ್ಲ. ಗಂಗರ ತಾಮ್ರಪಟಗಳಲ್ಲಿ ಅನೇಕವನ್ನು ಫ್ಲೀಟ್ ಅವರು ಕೂಟಶಾಸನಗಳೆಂದು ತಳ್ಳಿಹಾಕಿದಾಗ ರೈಸ್ ಅವರು ಅದನ್ನು ಒಪ್ಪಲಿಲ್ಲ. ಲಿಪಿ ಯಾವ ಕಾಲದ್ದು, ತಿಥಿವಾರಗಳು ಹೊಂದುವುವೇ ಎಂದು ಬಹುಕಾಲ ಚರ್ಚೆ ನಡೆಯಿತು. ಹಿಂದಿನ ಕಾಲದ ತೇದಿಯನ್ನು ಹೊತ್ತು ಮುಂದಿನ ಕಾಲದ ವಿಷಯವನ್ನು ಹೇಳುವ ಪಟವನ್ನು ಕಂಡರೆ ಶಾಸನತಜ್ಞನ ಕಿವಿ ನಿಮಿರುತ್ತದೆ. ಅಚ್ಚಾದ ಪುಸ್ತಕದ ವಿಷಯದಲ್ಲಿ ಮಾತ್ರ ನಾವು ಏಕೋ ಮೈಮರೆಯುತ್ತೇವೆ. ಇಲ್ಲಿ ನಮಗೊಂದು ಅನುಕೂಲವೂ ಉಂಟು: ತಾಮ್ರಪಟದ ಮೂಲ ಸಿಕ್ಕುವುದು ದುರ್ಲಭ, ಬೆಲ್ಲನ ಮೂಲ ರಾಯಲ್ ಸೊಸೈಟಿಯ ಸಂಪುಟದಲ್ಲಿ ಸುರಕ್ಷಿತವಾಗಿದೆ.

ಹಾಗಾದರೆ ಬೆಲ್ಲನ ಮಾತನ್ನು ಇಂಗ್ಲೆಂಡು ಅಷ್ಟು ಕಾಲ ನಂಬಿದುದು ಹೇಗೆ? ನೆಪೋಲಿಯನ್ನನ ಯುದ್ಧಗಳು ಮುಗಿದು ಹತ್ತು ವರ್ಷವೂ ಆಗಿರಲಿಲ್ಲವಾಗಿ ಸ್ವದೇಶಾಭಿಮಾನ ಒಂದು ಕಾರಣ. ಎರಡನೆಯದು ಹೆಚ್ಚು ಗಂಭೀರವಾದುದು. ಪ್ರಾಣಿಗಳ ಮೇಲಣ ಕ್ರೌರ್ಯವನ್ನು ತಡೆಯುವ ಶಾಸನವನ್ನು ರಿಚರ್ಡ್ ಮಾರ್ಟಿನ್ 1822ರಲ್ಲಿ ಪಾರ್ಲಿಮೆಂಟಿನಲ್ಲಿ ಅಂಗೀಕಾರ ಮಾಡಿಸಿದ್ದನು. ಮಜಾಂಡಿಯು 1824ರಲ್ಲಿ ಲಂಡನ್ನಿಗೆ ಬಂದು ಸಭಿಕರ ಮುಂದೆ ಜೀವಂತ ಪ್ರಾಣಿಗಳ ನರಗಳನ್ನು ಛೇದಿಸಿ ತೋರಿಸಿದಾಗ ದೊಡ್ಡ ಕೂಗೆದ್ದಿತು. 1825ರಲ್ಲಿ ಮಾರ್ಟಿನ್ನನು ಕಾಮನ್ಸ್ ಸಭೆಯಲ್ಲಿಯೇ ಅವನನ್ನು ಖಂಡಿಸಿದನು. ಇದಕ್ಕೆ ವಿರುದ್ಧವಾಗಿ ಬೆಲ್ಲನು ಅಂಗರಚನೆಯನ್ನು ಕಣ್ಣಿನಿಂದ ನೋಡಿ ಬುದ್ಧಿಯಿಂದ ಊಹಿಸಿ ಸತ್ಯವನ್ನು ಕಂಡವನೆಂದು ಖ್ಯಾತಿಪಡೆದನು. ಚೂರಿಯಿಲ್ಲದೆಯೇ ಈ ಜ್ಞಾನ ದೊರೆಯಿತೆಂದು ಹೇಳಬಯಸುವವರಿಗೆ ಬೆಲ್ಲನು ಬೇಕಾಗಿದ್ದನು.

ಬೆಲ್ಲನ ಕರುಣೆ ನಟನೆಯೆಂದು ನಾವು ಹೇಳುವುದಿಲ್ಲ. 1822ರ ಜುಲೈ ತಿಂಗಳಿನಲ್ಲಿ ತನ್ನ ಅಣ್ಣನಿಗೆ ಬರೆದ ಕಾಗದದಲ್ಲಿ, ನರಗಳನ್ನು ಕುರಿತು ಮೂರನೆಯ ಪ್ರಬಂಧ ಬರೆಯಬೇಕಾಗಿದೆಯೆಂದೂ, ಅದಕ್ಕೆ ಬೇಕಾದ ಪ್ರಯೋಗಗಳು ಅಸಹ್ಯವಾದುದರಿಂದ ಅವುಗಳನ್ನು ಮುಂದಕ್ಕೆ ಹಾಕುತ್ತಿರುವುದಾಗಿಯೂ ಅವನು ಹೇಳಿಕೊಂಡಿದ್ದಾನೆ. ಅದು ಮನೆಯವರಿಗೆ ಬರೆದ ಖಾಸಗಿ ಕಾಗದ. ಅದನ್ನು ಸಂದೇಹಿಸಲು ಕಾರಣವಿಲ್ಲ. ಅವನು ಪ್ರಯೋಗವನ್ನು ಮುಂದಕ್ಕೆ ಹಾಕುತ್ತಿದ್ದ ಆ ಬೇಸಗೆಯಲ್ಲಿಯೇ ಪ್ಯಾರಿಸ್ಸಿನ ಮರಿಗಳು ಪ್ರಾಣ ಬಿಟ್ಟುವು. ಆಗ ಅರಿವಳಿಕೆಯೂ ಇರಲಿಲ್ಲ. ಈಥರಿನ ಸಾರ್ವಜನಿಕ ಪ್ರದರ್ಶನ ನಡೆದುದು 1846ರಲ್ಲಿ. ಆ ಕಾಗದವನ್ನೂ ಮಜಾಂಡಿಯ ವರದಿಯನ್ನೂ ಒಂದರ ಮೇಲೊಂದು ಓದಿದ ದಿನ ನಮಗೆ ಯಾರ ಪಕ್ಷವನ್ನು ವಹಿಸುವುದೂ ಸುಲಭವೆನಿಸಲಿಲ್ಲ. ಆದರೂ ಪ್ರಶ್ನೆ ಎರಡು ತುಂಡಾಗಿದೆಯೆಂಬುದನ್ನು ಮರೆಯಬಾರದು: ಆ ಪ್ರಯೋಗವನ್ನು ಮಾಡಬಹುದಾಗಿತ್ತೇ ಎಂಬುದು ಒಂದು, ಅದನ್ನು ಮಾಡಿದವರು ಯಾರು ಎಂಬುದು ಇನ್ನೊಂದು. ಮೊದಲನೆಯದಕ್ಕೆ ಕೊಡುವ ಉತ್ತರದಿಂದ ಎರಡನೆಯದನ್ನು ಬದಲಾಯಿಸಲು ಬರುವುದಿಲ್ಲ. ನಮ್ಮ ಅಭಿಪ್ರಾಯದಲ್ಲಿ ಮುಂಬೇರಿಗೂ ಚಲನೆಗೂ ಇರುವ ಸಂಬಂಧವನ್ನು ಮೊದಲು ಪ್ರಯೋಗದಿಂದ ಕಂಡವನು ಬೆಲ್. ಹಿಂಬೇರು ಅರಿವಿನದೆಂದು ತೋರಿಸಿ ನಿಯಮವನ್ನು ಸ್ಥಾಪಿಸಿದವನು ಮಜಾಂಡಿ.

ಮಜಾಂಡಿಯ ಹಾದಿಯೂ ಆಮೇಲೆ ನೆಟ್ಟಗೆ ಸಾಗಲಿಲ್ಲ. ಮುಂಬೇರನ್ನು ಹಿಸುಕಿದರೂ ಕೆಲವೊಮ್ಮೆ ಪ್ರಾಣಿಗೆ ನೋವಾಗುವುದನ್ನು ಕಂಡು ಅವನು ಗೊಂದಲಕ್ಕೊಳಗಾದನು. ಹಿಂಬೇರಿನಿಂದ ಬಂದ ಕೆಲವು ಎಳೆಗಳು ತಿರುಗಿ ಮುಂಬೇರಿನೊಳಕ್ಕೆ ಹೊಗುತ್ತವೆಯೆಂಬುದು ಅವನ ಶಿಷ್ಯ ಕ್ಲೋಡ್ ಬರ್ನಾರನ ಕಾಲಕ್ಕೆ ತಿಳಿಯಾಯಿತು. ಅಷ್ಟರೊಳಗೆ 1831ರಲ್ಲಿ ಜರ್ಮನಿಯ ಯೋಹಾನೆಸ್ ಮ್ಯೂಲರನು ಕಪ್ಪೆಗಳ ಮೇಲೆ ಪ್ರಯೋಗ ನಡೆಸಿ ನಿಯಮವನ್ನು ನಿಸ್ಸಂದೇಹವಾಗಿ ದೃಢಪಡಿಸಿದ್ದನು. ಕಪ್ಪೆಯ ಬೇರುಗಳನ್ನು ಮುಟ್ಟುವುದು ಸುಲಭ, ಗಾಯದ ಆಘಾತವೂ ಕಡಮೆ. ನಾಯಿಮರಿಗಳಿಂದ ಕಷ್ಟದಲ್ಲಿ ದೊರೆತ ಉತ್ತರ ಅಲ್ಲಿ ನಿರಾಯಾಸವಾಗಿ ದೊರೆಯಿತು.

ಬೆಲ್ಲನು 1831ರಲ್ಲಿ ಸರ್ ಪದವಿಯನ್ನು ಪಡೆದು 1842ರಲ್ಲಿ ತೀರಿಕೊಂಡನು. ಮಜಾಂಡಿ ಕಾಲೇಜ್ ದ ಫ್ರಾನ್ಸಿನಲ್ಲಿ ಪ್ರಾಧ್ಯಾಪಕನಾಗಿದ್ದು 1855ರಲ್ಲಿ ತೀರಿಕೊಂಡನು. ನ್ಯೂಯಾರ್ಕಿನ ಕಿರಿಯ ಆಸ್ಟಿನ್ ಫ್ಲಿಂಟನು 1868ರಲ್ಲಿ ಮೂಲಪಾಠಗಳನ್ನು ಪರಿಶೀಲಿಸಿ ಮಜಾಂಡಿಯ ಪರವಾಗಿ ಬರೆದನು. 1911ರಲ್ಲಿ, ಬೆಲ್ಲನ ಹೊತ್ತಗೆಗೆ ನೂರು ವರ್ಷ ತುಂಬಿದಾಗ, ಇಂಗ್ಲೆಂಡಿನವನೇ ಆದ ಅಗಸ್ಟಸ್ ವಾಲರನು ಅದೇ ತೀರ್ಪನ್ನು ಕೊಟ್ಟನು. 1974ರಲ್ಲಿ ಪಾಲ್ ಕ್ರೇನ್‌ಫೀಲ್ಡ್ ಎಂಬ ವಿದ್ವಾಂಸನು ಈ ವಿವಾದಕ್ಕೆ ಸಂಬಂಧಿಸಿದ ಲೇಖನಗಳನ್ನು, 1811ರ ಹೊತ್ತಗೆಯನ್ನೂ ಒಳಗೊಂಡಂತೆ, ಮೂಲದ ಪಡಿಯಚ್ಚಿನಲ್ಲಿಯೇ ಒಂದು ಸಂಪುಟವಾಗಿ ಪ್ರಕಟಿಸಿದನು. ಸಂದೇಹವುಳ್ಳ ಓದುಗರು ಅದನ್ನು ತೆರೆದು, ಬೆಲ್ಲನು ಹಿಂಬೇರಿನ ವಿಷಯದಲ್ಲಿ ಏನು ಹೇಳಿದ್ದನೆಂಬುದನ್ನು ತಾವೇ ಓದಿಕೊಳ್ಳಬಹುದು.