ಪಾದ್ರಿಗಳಿಲ್ಲದ ಸಭೆಯ ಸತ್ಯವೇದ: ಮಡಗಾಸ್ಕರಿನ ಕಿರುಕುಳದ ಕಾಲ, 1835–1861

1836ರ ಜುಲೈಯಲ್ಲಿ ಲಂಡನ್ ಮಿಷನರಿ ಸೊಸೈಟಿಯ ಕೊನೆಯ ಇಬ್ಬರು, ಡೇವಿಡ್ ಜಾನ್ಸ್ ಮತ್ತು ಅಚ್ಚುಗಾರ ಎಡ್ವರ್ಡ್ ಬೇಕರ್, ಮಡಗಾಸ್ಕರಿನ ರಾಜಧಾನಿ ಅಂಟನನರಿವೊ ಬಿಟ್ಟು ಹೊರಟರು. ಅವರು ಬಿಟ್ಟುಹೋದ ಸಭೆಯಲ್ಲಿ ದೀಕ್ಷಾಸ್ನಾನ ಪಡೆದಿದ್ದವರು ಸುಮಾರು 200 ಮಂದಿ. ಅವರನ್ನು ನೋಡಿಕೊಳ್ಳಲು ಒಬ್ಬ ಪಾದ್ರಿಯೂ ಇರಲಿಲ್ಲ, ಕೂಡಿ ಪ್ರಾರ್ಥಿಸಲು ಒಂದು ಮನೆಯೂ ಬಹಿರಂಗವಾಗಿ ತೆರೆದಿರಲಿಲ್ಲ, ಅವರ ಆರಾಧನೆಯನ್ನು ರಾಜಾಜ್ಞೆ ನಿಷೇಧಿಸಿತ್ತು. ಆ ಆಜ್ಞೆ ಹೊರಡಿಸಿದ ರಾಣಿ ಒಂದನೇ ರಾನವಲೋನಾ 1861ರ ಆಗಸ್ಟಿನಲ್ಲಿ ತೀರಿಕೊಂಡಾಗ ಅಡಗುದಾಣಗಳಿಂದ ಹೊರಬಂದ ವಿಶ್ವಾಸಿಗಳು ಸಾವಿರಗಳ ಲೆಕ್ಕದಲ್ಲಿದ್ದರು. ಕಾಲು ಶತಮಾನ ಅವರನ್ನು ಹಿಡಿದಿಟ್ಟದ್ದು ಏನು ಎಂಬುದು ಈ ಲೇಖನದ ಪ್ರಶ್ನೆ.

ಮಿಷನ್ ಚರಿತ್ರಕಾರರು ಇದಕ್ಕೆ ಕೊಡುತ್ತ ಬಂದ ಕಾರಣ ರಕ್ತಸಾಕ್ಷಿಗಳ ಸಾವು. ಈಚಿನ ಚರಿತ್ರಕಾರರ ನೋಟ ಬೇರೆ. ಗ್ವಿನ್ ಕ್ಯಾಂಬೆಲ್ ಅವರು ರಾಣಿಯ ಕ್ರಮಗಳನ್ನು ವಿದೇಶಿ ಹಿಡಿತದಿಂದ ತಪ್ಪಿಸಿಕೊಳ್ಳುವ ಆರ್ಥಿಕ ನೀತಿಯ ಜೊತೆಗಿಟ್ಟು ಓದಿದರು. ಫ್ರಾನ್ಸ್ವಾಜ್ ರೇಜೋಂ-ಜೂರ್ದ್ 1991ರಲ್ಲಿ ಪ್ರಕಟಿಸಿದ ದೊಡ್ಡ ಅಧ್ಯಯನ ಸತ್ಯವೇದಕ್ಕೂ ಅರಸೊತ್ತಿಗೆಗೂ ನಡುವಿನ ಎಳೆದಾಟವನ್ನು ಬಿಡಿಸಿಟ್ಟಿತು. ಪಿಯರ್ ಲಾರ್ಸನ್ ಅವರ ಬರಹಗಳು ಮಲಗಾಸಿ (ಮಡಗಾಸ್ಕರಿನ) ಕ್ರೈಸ್ತರನ್ನು ಮಿಷನರಿಗಳ ಶಿಷ್ಯರಾಗಿ ನೋಡದೆ ತಮ್ಮದೇ ವಿಚಾರವುಳ್ಳವರನ್ನಾಗಿ ಕಂಡವು. ಇವರೆಲ್ಲರಿಂದ ನಾನು ಕಲಿತಿದ್ದೇನೆ. ಆದರೂ ಒಂದು ಸಂಗತಿಗೆ ಸಲ್ಲಬೇಕಾದ ಗಮನ ಸಂದಿಲ್ಲ ಅನ್ನಿಸುತ್ತದೆ. ಆ ಸಭೆಯನ್ನು ಉಳಿಸಿದ್ದು ಗ್ರಂಥವನ್ನು ಬಚ್ಚಿಟ್ಟ ಧೈರ್ಯಕ್ಕಿಂತ ಹೆಚ್ಚಾಗಿ ಅದನ್ನು ಕೂಡಿ ಓದುವ ರೂಢಿ. ಆ ರೂಢಿ ಕಷ್ಟಕಾಲದಲ್ಲಿ ಹುಟ್ಟಿದ್ದಲ್ಲ. ಕಷ್ಟ ಬರುವ ಮುನ್ನವೇ ಕೈಗೂಡಿತ್ತು.

ವೇಲ್ಸ್‌ನ ಡೇವಿಡ್ ಜೋನ್ಸ್ (ಮೇಲೆ ಹೇಳಿದ ಜಾನ್ಸ್ ಬೇರೆ) ಮತ್ತು ಥಾಮಸ್ ಬೆವನ್ ಎಂಬ ಮಿಷನರಿಗಳು 1818ರಲ್ಲಿ ಪೂರ್ವ ಕರಾವಳಿಯ ತೊಆಮಸಿನಾದಲ್ಲಿ ಇಳಿದರು. ಕೆಲವೇ ತಿಂಗಳಲ್ಲಿ ಜ್ವರ ಎರಡು ಕುಟುಂಬಗಳನ್ನು ನುಂಗಿತು. ಉಳಿದವರು ಜೋನ್ಸ್ ಒಬ್ಬರೇ. 1820ರಲ್ಲಿ ಅವರು ರಾಜಧಾನಿಗೆ ಬಂದು ಶಾಲೆ ತೆರೆದರು. ಅರಸ ಒಂದನೇ ರಾದಾಮನಿಗೆ ಬೇಕಾಗಿದ್ದದ್ದು ಧರ್ಮವಲ್ಲ, ಬರವಣಿಗೆ. ವಿಸ್ತರಿಸುತ್ತಿದ್ದ ಅವನ ಮೆರಿನಾ ರಾಜ್ಯಕ್ಕೆ ಕಾಗದ ಓದಬಲ್ಲ ಅಧಿಕಾರಿಗಳು, ಲೆಕ್ಕ ಇಡಬಲ್ಲ ಸೈನಿಕರು ಬೇಕಿತ್ತು. ಆಗ್ನೇಯ ಕರಾವಳಿಯಲ್ಲಿ ಅರಬ್ಬೀ ಲಿಪಿಯಲ್ಲಿ ಮಲಗಾಸಿ ಬರೆಯುವ ಹಳೆಯ ಪರಂಪರೆಯೊಂದು ಇತ್ತು. ರಾದಾಮ 1823ರಲ್ಲಿ ರೋಮನ್ ಲಿಪಿಯನ್ನು ಗೊತ್ತುಮಾಡಿದ. ವ್ಯಂಜನಗಳು ಇಂಗ್ಲಿಷರ ಉಚ್ಚಾರದಂತೆ, ಸ್ವರಗಳು ಫ್ರೆಂಚರ ಉಚ್ಚಾರದಂತೆ ಎಂದು ತೀರ್ಪು ಕೊಟ್ಟ. ಶಾಲೆಗೆ ಹೋದ ಮಗ ಸೈನ್ಯದ ಪಾಲಾದಾನೆಂದು ಹೆದರಿ ಮಕ್ಕಳನ್ನು ಅಡಗಿಸಿದ ತಾಯಿತಂದೆಯರೂ ಇದ್ದರು. ಅವರ ಹೆದರಿಕೆಗೆ ಆಧಾರವಿತ್ತು. ರಾಜ್ಯ ತನ್ನ ಉಪಯೋಗಕ್ಕೆಂದು ಹರಡಿದ ಅಕ್ಷರವೇ ಮುಂದೆ ರಾಜ್ಯದ ಹಿಡಿತಕ್ಕೆ ಸಿಗದ ಒಂದು ಓದುಗಬಳಗವನ್ನು ಹುಟ್ಟಿಸಿತು.

ಅಚ್ಚುಯಂತ್ರದೊಂದಿಗೆ ಬಂದ ಮುದ್ರಕ ಚಾರ್ಲ್ಸ್ ಹೋವೆಂಡನ್ 1826ರ ಕೊನೆಯಲ್ಲಿ ತೀರಿಕೊಂಡಾಗ ಯಂತ್ರವನ್ನು ಜೋಡಿಸಿ ನಡೆಸಿದವರು ಬಡಗಿ ಕೆಲಸಕ್ಕೆಂದು ಬಂದಿದ್ದ ಜೇಮ್ಸ್ ಕ್ಯಾಮರೂನ್. 1830ರಲ್ಲಿ ಹೊಸ ಒಡಂಬಡಿಕೆ ಹೊರಬಂತು. ಅನುವಾದದ ಮೇಲೆ ಜೋನ್ಸ್ ಮತ್ತು ಡೇವಿಡ್ ಗ್ರಿಫಿತ್ಸ್ ಅವರ ಹೆಸರುಗಳಿವೆ. ಆದರೆ ವಾಕ್ಯಗಳನ್ನು ತಿದ್ದಿ ಮಲಗಾಸಿಯ ನಡೆಗೆ ತಂದವರು ಅವರ ಬಳಿ ಓದಿದ ತರುಣರು. ದೀಕ್ಷಾಸ್ನಾನಕ್ಕೆ ಅನುಮತಿ ಸಿಕ್ಕಿದ್ದು 1831ರ ಮೇ ತಿಂಗಳಲ್ಲಿ, ಅದೂ ರಾದಾಮನ ನಂತರ ಪಟ್ಟಕ್ಕೆ ಬಂದ ರಾನವಲೋನಾಳಿಂದಲೇ. ಆ ದಿನದಿಂದ ನಿಷೇಧದ ದಿನದವರೆಗೆ ನಾಲ್ಕು ವರ್ಷವೂ ಇಲ್ಲ. ಅಂದರೆ ಈ ಜನ ಸಭೆಯ ಸದಸ್ಯರಾಗುವುದಕ್ಕೆ ಎಷ್ಟೋ ಮೊದಲೇ ಓದುಗರಾಗಿದ್ದರು. ಈ ಅನುಕ್ರಮ ಮುಖ್ಯವೆಂದು ನನ್ನ ಅಭಿಪ್ರಾಯ.

ರಾಣಿಯನ್ನು ಕ್ರೂರಿ ಎಂಬ ಒಂದೇ ಮಾತಿನಲ್ಲಿ ಮುಗಿಸುವುದು ಸುಲಭ. 19ನೇ ಶತಮಾನದ ಮಿಷನ್ ಪುಸ್ತಕಗಳು ಮಾಡಿದ್ದು ಅದನ್ನೇ. ಆಕೆ ಕಂಡ ಅಪಾಯ ಕಲ್ಪನೆಯದಾಗಿರಲಿಲ್ಲ. ಮೆರಿನಾ ಅರಸೊತ್ತಿಗೆ ನಿಂತದ್ದು ಪೂರ್ವಿಕರ ಆಶೀರ್ವಾದದ ಮೇಲೆ, ಸಾಂಪಿ ಎಂಬ ರಕ್ಷಕ ವಸ್ತುಗಳ ಪೂಜೆಯ ಮೇಲೆ, ಪ್ರಜೆಗಳು ರಾಣಿಗೆ ಮಾಡುವ ಆಣೆಯ ಮೇಲೆ. ಕೂಡಿ ಪ್ರಾರ್ಥಿಸುವವರು ಬೇರೊಬ್ಬ ಒಡೆಯನಿಗೆ ನಿಷ್ಠೆ ಹೇಳುತ್ತಿದ್ದರು, ಪೂರ್ವಿಕರನ್ನು ಬಿಡುತ್ತಿದ್ದರು. 1834ರಲ್ಲಿ ರೈನಿತ್ಸಿಯಂದಾವನಾ ಎಂಬ ಗ್ರಾಮೀಣ ಬೋಧಕ ಸತ್ಯವೇದದ ಮಾತುಗಳನ್ನು ತನ್ನ ನಾಡಿನ ನಂಬಿಕೆಗಳೊಂದಿಗೆ ಬೆರೆಸಿ ಲೋಕಕ್ಕೆಲ್ಲ ಶಾಂತಿಯ ಕಾಲ ಬರುವುದೆಂದು ಸಾರುತ್ತ ರಾಜಧಾನಿಗೆ ಬಂದ. ಎಲ್ಲರೂ ಒಂದೇ ಆದಿ ತಾಯಿತಂದೆಯರ ಮಕ್ಕಳಾದರೆ ರಾಣಿಯೂ ಮೊಜಾಂಬಿಕ್‌ನಿಂದ ತಂದ ಗುಲಾಮರೂ ಒಂದೇ ಕುಲವೇ ಎಂದು ಅವನನ್ನು ಕೇಳಲಾಯಿತು. ಹೌದೆಂದ. ಅವನನ್ನು ಕೊಂದರು. ಮಿಷನರಿಗಳು ಅವನನ್ನು ತಮ್ಮವನೆಂದು ಒಪ್ಪಿಕೊಂಡಿರಲಿಲ್ಲ. ಆದಿಕಾಂಡದ ಮೊದಲ ಅಧ್ಯಾಯಗಳು ಆ ಸಮಾಜದಲ್ಲಿ ಏನು ಮಾಡಬಲ್ಲವು ಎಂಬುದನ್ನು ಅವನೂ ರಾಣಿಯೂ ಮಿಷನರಿಗಳಿಗಿಂತ ಚೆನ್ನಾಗಿ ಅರಿತಿದ್ದರು.

1835ರ ಮಾರ್ಚ್ 1ರಂದು ನೆರೆದ ಜನಸಮೂಹದ ಎದುರು ಆಜ್ಞೆ ಓದಲಾಯಿತು. ಪರದೇಶಿಗಳು ತಮ್ಮ ಆಚಾರ ನಡೆಸಬಹುದು. ಪ್ರಜೆಗಳಿಗೆ ದೀಕ್ಷಾಸ್ನಾನವಿಲ್ಲ, ಪ್ರಾರ್ಥನಾಕೂಟವಿಲ್ಲ, ಸಬ್ಬತ್ ಆಚರಣೆಯಿಲ್ಲ. ತಪ್ಪೊಪ್ಪಿಕೊಂಡ ಅಧಿಕಾರಿಗಳ ಪದವಿ ಇಳಿಯಿತು. ಹಳೆಯ ಒಡಂಬಡಿಕೆಯ ಒಂದು ಭಾಗ ಆಗಿನ್ನೂ ಅಚ್ಚಾಗಿರಲಿಲ್ಲ. ಸ್ಥಳೀಯ ಕೆಲಸಗಾರರು ಅಚ್ಚುಮನೆಗೆ ಬರುವಂತಿಲ್ಲದ್ದರಿಂದ ಮಿಷನರಿಗಳೇ ಅಕ್ಷರ ಜೋಡಿಸಿ, ಯಂತ್ರ ಒತ್ತಿ, ಜೂನ್ ಹೊತ್ತಿಗೆ ಇಡೀ ಸತ್ಯವೇದವನ್ನು ಮುಗಿಸಿದರು. ಓದುವುದು ಅಪರಾಧವಾದ ಮೇಲೆ ಗ್ರಂಥ ಪೂರ್ಣವಾಯಿತು. ಪ್ರತಿಗಳನ್ನು ಗುಟ್ಟಾಗಿ ಹಂಚಿದರು, ಕೆಲವನ್ನು ನೆಲದಲ್ಲಿ ಹೂಳಿದರು.

ಓದಿನ ರೀತಿ ಹೇಗಿತ್ತು? ವಿಶ್ವಾಸಿಗಳು ಬರೆದ ಪತ್ರಗಳಿಂದ, ತಪ್ಪಿಸಿಕೊಂಡು ಹೋದವರ ಹೇಳಿಕೆಗಳಿಂದ, 1853 ಮತ್ತು 1856ರ ನಡುವೆ ಮೂರು ಬಾರಿ ದ್ವೀಪಕ್ಕೆ ಬಂದ ಮಿಷನರಿ ವಿಲಿಯಂ ಎಲ್ಲಿಸ್ ಅವರ ಬರಹದಿಂದ ಅದನ್ನು ತಕ್ಕಮಟ್ಟಿಗೆ ಕಟ್ಟಿಕೊಳ್ಳಬಹುದು. ಒಂದು ಪ್ರತಿಯನ್ನು ಭಾಗಗಳಾಗಿ ಬಿಡಿಸಿ ಹಲವರು ಹಂಚಿಕೊಳ್ಳುತ್ತಿದ್ದರು. ಹರಿದ ಹಾಳೆಗಳನ್ನು ಹೊಲಿದು, ಸವೆದ ಅಂಚುಗಳಿಗೆ ತೇಪೆ ಹಚ್ಚಿ ಬಳಸಿದರು. ಪ್ರತಿಯಿಲ್ಲದವರು ಕೈಯಿಂದ ನಕಲು ಮಾಡಿಕೊಂಡರು, ಅಧ್ಯಾಯಗಳನ್ನು ಬಾಯಿಪಾಠ ಮಾಡಿದರು. ರಾತ್ರಿ ಬೆಟ್ಟದ ಮೇಲೆ, ಕಾಡಂಚಿನಲ್ಲಿ, ಬಾಗಿಲು ಹಾಕಿದ ಮನೆಗಳಲ್ಲಿ ಕೂಡಿ ಮೆಲುದನಿಯಲ್ಲಿ ಹಾಡುತ್ತಿದ್ದರು. ವೊನಿಝೊಂಗೊ ಸೀಮೆಯಲ್ಲಿ ಸಿಡುಬು ರೋಗಿಗಳನ್ನು ಇರಿಸುತ್ತಿದ್ದ ಗುಹೆಯಲ್ಲಿ ಸತ್ಯವೇದ ಅಡಗಿಸಿದ್ದರಿಂದ ಹುಡುಕಲು ಬಂದವರು ರೋಗಭಯದಿಂದ ಒಳಹೋಗಲಿಲ್ಲವೆಂದು ಮಿಷನ್ ದಾಖಲೆ ಹೇಳುತ್ತದೆ. ಜಾನ್ ಬನ್ಯನ್‌ನ ಯಾತ್ರಿಕನ ಕಥೆಯೂ ಮೊದಲು ಕೈಬರಹದ ಪ್ರತಿಗಳಲ್ಲಿ ಹರಿದಾಡಿ, ಆಮೇಲೆ 1838ರಲ್ಲಿ ಲಂಡನ್ನಿನಲ್ಲಿ ಅಚ್ಚಾಯಿತು. ಊರು ಬಿಟ್ಟು ಓಡುತ್ತಿದ್ದ ಜನಕ್ಕೆ ಆ ಕಥೆಯ ದಾರಿ, ಕೆಸರು, ಸೆರೆಮನೆ ಯಾವುವೂ ದೂರದವಾಗಿರಲಿಲ್ಲ.

ಈ ಎಲ್ಲದರಲ್ಲಿ ನನ್ನನ್ನು ಹೆಚ್ಚು ಹಿಡಿದು ನಿಲ್ಲಿಸಿದ್ದು ಅವರ ಗುರುತಿನ ಸಂಕೇತ. ಅಪರಿಚಿತರಿಬ್ಬರು ಭೇಟಿಯಾದಾಗ ಎದುರಿನವನು ವಿಶ್ವಾಸಿಯೋ ಬೇಹುಗಾರನೋ ತಿಳಿಯಲು ಒಬ್ಬರು ಯೆರೆಮೀಯನ ಗ್ರಂಥದ 38ನೇ ಅಧ್ಯಾಯದ 15ನೇ ವಚನವನ್ನು ಹೇಳುವರು. ತಿಳಿದವರು 16ನೇ ವಚನದಿಂದ ಉತ್ತರಿಸುವರು. ಆ ಅಧ್ಯಾಯದ ಸಂದರ್ಭ ನೆನೆಯಬೇಕು. ಮುತ್ತಿಗೆಗೆ ಸಿಕ್ಕ ಯೆರೂಸಲೇಮಿನಲ್ಲಿ ಪ್ರವಾದಿಯ ಮೇಲೆ ದೇಶದ್ರೋಹದ ಆರೋಪ ಬಂದಿದೆ. ಅವನನ್ನು ಕೆಸರು ತುಂಬಿದ ಬಾವಿಗೆ ಇಳಿಸಿ ಮೇಲೆತ್ತಿದ್ದಾರೆ. ಅರಸ ಚಿದ್ಕೀಯ ಅವನನ್ನು ಗುಟ್ಟಾಗಿ ಕರೆಸಿ ಸತ್ಯ ಹೇಳೆನ್ನುತ್ತಾನೆ. ಹೇಳಿದರೆ ನನ್ನ ಜೀವ ಉಳಿದೀತೇ ಎಂದು ಪ್ರವಾದಿ ಅಳುಕುತ್ತಾನೆ. ಕೊಲ್ಲುವುದಿಲ್ಲ, ಕೊಲ್ಲುವವರ ಕೈಗೆ ಒಪ್ಪಿಸುವುದೂ ಇಲ್ಲ ಎಂದು ಅರಸ ಆಣೆಯಿಡುತ್ತಾನೆ. ಇದು ಯಾರ ಬಾಯಲ್ಲೂ ಓಡಾಡುವ ಪ್ರಸಿದ್ಧ ವಚನವಲ್ಲ. ಪ್ರವಾದಿಗಳ ಉದ್ದ ಗ್ರಂಥವೊಂದನ್ನು ನಡುವೆ ಬಿಡದೆ ಓದಿದವರಿಗೆ, ದೇಶದ್ರೋಹಿ ಎನ್ನಿಸಿಕೊಂಡ ಆ ಪ್ರವಾದಿಯಲ್ಲಿ ತಮ್ಮ ಸ್ಥಿತಿಯನ್ನು ಕಂಡವರಿಗೆ ಮಾತ್ರ ಹೊಳೆಯುವ ಆಯ್ಕೆ. ಅದೂ ಒಬ್ಬರೇ ಹೇಳಿ ಮುಗಿಸುವ ಮಾತಲ್ಲ. ಉತ್ತರ ಕೊಡುವವರು ಇನ್ನೊಬ್ಬರು ಬೇಕು, ಉತ್ತರ ಕೊಟ್ಟವರು ಕೇಳಿದವರ ಪ್ರಾಣಕ್ಕೆ ಹೊಣೆಯಾಗಬೇಕು. ಮಲಗಾಸಿ ಸಭೆಯ ಮಧ್ಯದಲ್ಲಿ ಗ್ರಂಥ ಇತ್ತು ಎಂದರೆ ಅರ್ಥ ಇದು.

ಈ ಓದುಗಬಳಗದಲ್ಲಿ ಹೆಂಗಸರ ಪಾಲು ದೊಡ್ಡದು. ಕುಲೀನ ಮನೆತನದ ರಫರವವಿಯ ಮನೆಯೇ ಪ್ರಾರ್ಥನಾಕೂಟದ ಜಾಗವಾಗಿತ್ತು. ಅವಳಿಗೆ ಮರಣದಂಡನೆಯಾಯಿತು, ನಗರದಲ್ಲಿ ಬಿದ್ದ ಬೆಂಕಿಯ ಗಲಿಬಿಲಿಯಲ್ಲಿ ಅದು ಮುಂದೆ ಹೋಯಿತು. ಗುಲಾಮಳಾಗಿ ಮಾರಲ್ಪಟ್ಟು, ತಪ್ಪಿಸಿಕೊಂಡು ಮಾರಿಷಸ್ ದಾಟಿ 1839ರಲ್ಲಿ ಇಂಗ್ಲೆಂಡ್ ತಲುಪಿದಳು. ರಸಲಾಮಾಳಿಗೆ ಆ ಬಿಡುಗಡೆ ಸಿಗಲಿಲ್ಲ. 1837ರ ಆಗಸ್ಟ್ 14ರಂದು ಅಂಬೊಹಿಪೊತ್ಸಿಯಲ್ಲಿ ಮೊಣಕಾಲೂರಿ ಪ್ರಾರ್ಥಿಸುತ್ತಿದ್ದವಳನ್ನು ಈಟಿಯಿಂದ ತಿವಿದು ಕೊಂದರು. ಆ ಸಭೆಯ ಮೊದಲ ರಕ್ತಸಾಕ್ಷಿ ಅವಳೇ. 1849ರಲ್ಲಿ 18 ಮಂದಿ ಸತ್ತರು: 14 ಮಂದಿಯನ್ನು ಅಂಪಮರಿನಾನಾ ಬಂಡೆಯಿಂದ ಕೆಳಕ್ಕೆ ಎಸೆದರು, ಕುಲೀನರ ರಕ್ತ ನೆಲಕ್ಕೆ ಬೀಳಬಾರದೆಂಬ ಕಟ್ಟಳೆಯಿದ್ದುದರಿಂದ ನಾಲ್ವರನ್ನು ಫರವೊಹಿತ್ರದಲ್ಲಿ ಸುಟ್ಟರು. ಅದೇ ವರ್ಷ ದಂಡ, ಬೇಡಿ, ಗುಲಾಮಗಿರಿ ಮುಂತಾದ ಶಿಕ್ಷೆಗೆ ಒಳಗಾದವರು ಸುಮಾರು 1,900. 1857ರಲ್ಲಿ ಮತ್ತೊಂದು ಅಲೆ ಎದ್ದಿತು.

ಇಲ್ಲಿ ಎಚ್ಚರ ಬೇಕು. ನಮಗೆ ದೊರೆತ ವೃತ್ತಾಂತಗಳ ಹೆಚ್ಚಿನ ಪಾಲನ್ನು ಬ್ರಿಟನ್ನಿನ ಬೆಂಬಲಿಗರಿಗಾಗಿ ಮಿಷನರಿಗಳು ಬರೆದರು. ಮಿಷನರಿ ಫ್ರೀಮನ್ ಮತ್ತು ಡೇವಿಡ್ ಜಾನ್ಸ್ 1840ರಲ್ಲಿ ಹೊರತಂದ ಪುಸ್ತಕಕ್ಕೆ ನಿಧಿಸಂಗ್ರಹದ ಉದ್ದೇಶವೂ ಇತ್ತು. ಅದನ್ನು ರಾಓಂಬಾನಾನ ಬರಹದೊಂದಿಗೆ ಓದಬೇಕು. ಹುಡುಗನಾಗಿದ್ದಾಗ ಇಂಗ್ಲೆಂಡಿಗೆ ಹೋಗಿ ಕಲಿತು ಬಂದು ರಾಣಿಯ ಕಾರ್ಯದರ್ಶಿಯಾಗಿದ್ದ ಅವನು ಗುಟ್ಟಾಗಿ ಇಂಗ್ಲಿಷಿನಲ್ಲಿ ತನ್ನ ನಾಡಿನ ಚರಿತ್ರೆ ಬರೆದಿಟ್ಟ. ಅಲ್ಲಿ ಕ್ರೈಸ್ತರ ಕಷ್ಟ ಯುದ್ಧ, ಬಿಟ್ಟಿದುಡಿಮೆ ಮತ್ತು ತಂಗೇನಾ ಎಂಬ ವಿಷದ ದಿವ್ಯಪರೀಕ್ಷೆಯಲ್ಲಿ ನಲುಗಿದ ಇಡೀ ಪ್ರಜಾಸಮೂಹದ ಕಷ್ಟದೊಳಗೆ ಒಂದಾಗಿ ಕಾಣುತ್ತದೆ. ಹಾಗೆಯೇ ವಿಶ್ವಾಸ ಬಿಟ್ಟವರೂ ಅನೇಕರು, ಪುಸ್ತಕ ಒಪ್ಪಿಸಿದವರೂ ಅನೇಕರು. ಅವರನ್ನು ಹಗುರವಾಗಿ ಕಾಣಲು ನನಗೆ ಮನಸ್ಸಿಲ್ಲ. ಮಕ್ಕಳೂ ಗುಲಾಮರಾಗುವ ಬೆದರಿಕೆ ಎದುರಿಗಿತ್ತು.

ಜಪಾನಿನ ಗುಪ್ತ ಕ್ರೈಸ್ತರ ನೆನಪು ಇಲ್ಲಿ ಬರುವುದು ಸಹಜ. 1614ರ ನಿಷೇಧದ ತರುವಾಯ ಅಡಗಿ ಉಳಿದಿದ್ದ ಪಾದ್ರಿಗಳೂ ಇಲ್ಲವಾದ ಮೇಲೆ, ಎರಡು ಶತಮಾನಕ್ಕೂ ಹೆಚ್ಚು ಕಾಲ ಅವರು ಪಾದ್ರಿಗಳಿಲ್ಲದೆ ಉಳಿದರು. 1865ರಲ್ಲಿ ನಾಗಸಾಕಿಯ ಔರಾ ಚರ್ಚಿನಲ್ಲಿ ತಾವು ಯಾರೆಂದು ಹೇಳಿಕೊಂಡರು. ಅವರನ್ನು ಉಳಿಸಿದ್ದು ಬಾಯಿಂದ ಬಾಯಿಗೆ ಬಂದ ಪ್ರಾರ್ಥನೆ, ದೀಕ್ಷಾಸ್ನಾನ, ಹಬ್ಬದ ದಿನಗಳ ಲೆಕ್ಕ. ಪೂರ್ಣ ಸತ್ಯವೇದ ಅವರ ಕೈಯಲ್ಲಿರಲಿಲ್ಲ. ಅವರ ನಿಷ್ಠೆ ಮಲಗಾಸಿಗಳದಕ್ಕಿಂತ ಕಡಿಮೆಯದಲ್ಲ. ಆದರೆ ಅಲ್ಲಿ ನಡೆದದ್ದು ಪಡೆದದ್ದನ್ನು ಕಾಯುವ ಕೆಲಸ. ಮಡಗಾಸ್ಕರಿನಲ್ಲಿ ಅಡಗಿಕೊಂಡೇ ಹೊಸಬರಿಗೆ ಕಲಿಸುವ, ಬೆಳೆಯುವ ಕೆಲಸ. ಈ ವ್ಯತ್ಯಾಸಕ್ಕೆ ಓದು ಒಂದು ಮುಖ್ಯ ಕಾರಣ.

ಮಡಗಾಸ್ಕರಿನಲ್ಲಿ ಕಿರುಕುಳ 1861ರಲ್ಲಿ ಮುಗಿಯಿತು. 1868ರ ಸೆಪ್ಟೆಂಬರಿನಲ್ಲಿ ಹೊಸ ರಾಣಿ ಎರಡನೇ ರಾನವಲೋನಾಳ ಪಟ್ಟಾಭಿಷೇಕವಾದಾಗ ಅವಳ ಪಕ್ಕದ ಮೇಜಿನ ಮೇಲೆ ಸತ್ಯವೇದ ಇಟ್ಟಿದ್ದರು. 1869ರ ಫೆಬ್ರವರಿ 21ರಂದು ಅವಳೂ ಪ್ರಧಾನಿ ರೈನಿಲೈಅರಿವೊನಿಯೂ ದೀಕ್ಷಾಸ್ನಾನ ಪಡೆದರು; ಸೆಪ್ಟೆಂಬರಿನಲ್ಲಿ ರಾಜಮನೆತನದ ಸಾಂಪಿಗಳು ಬೆಂಕಿಗೆ ಬಿದ್ದವು. ಸಭೆಗಳು ತುಂಬಿದವು, ರಕ್ತಸಾಕ್ಷಿಗಳು ಸತ್ತ ಜಾಗಗಳಲ್ಲಿ ಕಲ್ಲಿನ ಚರ್ಚುಗಳು ಎದ್ದವು. ಬರಬರುತ್ತ ಚರ್ಚೂ ಶಾಲೆಯೂ ಬಿಟ್ಟಿದುಡಿಮೆಗೆ ಜನರನ್ನು ಎಣಿಸಿಕೊಡುವ ಸಾಧನಗಳಾದವು. ಗುಲಾಮರನ್ನು ಇಟ್ಟುಕೊಂಡ ಸಭೆಯ ಹಿರಿಯರೂ ಇದ್ದರು. ಮೊಜಾಂಬಿಕ್ ಮೂಲದ ಗುಲಾಮರಿಗೆ ಬಿಡುಗಡೆ ಸಿಕ್ಕಿದ್ದು 1877ರಲ್ಲಿ. ಉಳಿದವರಿಗೆ 1896ರಲ್ಲಿ, ಫ್ರೆಂಚರು ನಾಡನ್ನು ಗೆದ್ದ ಮೇಲೆ. ರೈನಿತ್ಸಿಯಂದಾವನಾ ಪ್ರಾಣ ಕೊಟ್ಟು ಹೇಳಿದ ಉತ್ತರವನ್ನು ಕ್ರೈಸ್ತ ರಾಜ್ಯ ತಾನಾಗಿ ಪೂರ್ತಿ ಒಪ್ಪಿಕೊಳ್ಳಲೇ ಇಲ್ಲ. ಗುಹೆಯಲ್ಲಿದ್ದಾಗ ಗ್ರಂಥ ಸಭೆಯ ನಡುವೆ ಇತ್ತು. ಸಿಂಹಾಸನದ ಪಕ್ಕಕ್ಕೆ ಬಂದಾಗ ಅಂಚಿಗೆ ಸರಿಯಿತು. ವಿಶ್ವಾಸಕ್ಕೆ ಕಷ್ಟಕಾಲ ಯಾವುದೆಂದು ಗುರುತಿಸುವಾಗ ಸಂಶೋಧಕರು 1861ಕ್ಕೇ ಗೆರೆ ಎಳೆಯುವುದು ಸರಿಯಲ್ಲ.

ಕನ್ನಡದ ಓದುಗರಿಗೆ ಈ ಚರಿತ್ರೆ ಹೊರಗಿನದಲ್ಲ. ಜೋನ್ಸ್‌ರನ್ನು ಮಡಗಾಸ್ಕರಿಗೆ ಕಳಿಸಿದ ಸಂಸ್ಥೆಯೇ 1810ರಲ್ಲಿ ಜಾನ್ ಹ್ಯಾಂಡ್ಸ್‌ರನ್ನು ಬಳ್ಳಾರಿಗೆ ಕಳಿಸಿತ್ತು. ಹ್ಯಾಂಡ್ಸ್, ವಿಲಿಯಂ ರೀವ್ ಮೊದಲಾದವರ ದುಡಿಮೆಯಿಂದ ಕನ್ನಡ ಸತ್ಯವೇದ ಪೂರ್ಣವಾದದ್ದೂ 1830ರ ದಶಕದ ಆರಂಭದಲ್ಲೇ, ಮಲಗಾಸಿ ಸತ್ಯವೇದಕ್ಕಿಂತ ಸ್ವಲ್ಪ ಮುಂಚೆ. ಅನುವಾದಕರ, ಅಚ್ಚುಕೂಟಗಳ, ನಿಘಂಟುಗಳ ಚರಿತ್ರೆಯನ್ನು ನಾವು ಸಾಕಷ್ಟು ಬರೆದಿದ್ದೇವೆ. ಆ ಗ್ರಂಥವನ್ನು 1876–78ರ ಬರಗಾಲದಲ್ಲಿ ಬಳ್ಳಾರಿಯ, ಧಾರವಾಡದ ಬಡ ವಿಶ್ವಾಸಿಗಳು ಹೇಗೆ ಓದಿದರು, ಯಾವ ಅಧ್ಯಾಯಗಳನ್ನು ಮತ್ತೆ ಮತ್ತೆ ತೆರೆದರು, ಓದಲು ಬಾರದವರಿಗೆ ಯಾರು ಓದಿ ಹೇಳಿದರು ಎಂಬುದನ್ನು ಇನ್ನೂ ಬರೆಯಬೇಕಾಗಿದೆ. ಲಂಡನ್ ಮಿಷನ್ನಿನ ಕಾಗದಗಳು ಲಂಡನ್ ವಿಶ್ವವಿದ್ಯಾಲಯದ ಪೌರ್ವಾತ್ಯ ಮತ್ತು ಆಫ್ರಿಕನ್ ಅಧ್ಯಯನ ಶಾಲೆಯಲ್ಲಿವೆ. ಬಾಸೆಲ್ ಮಿಷನ್ನಿನ ಪರಂಪರೆಯ ಕಾಗದಪತ್ರಗಳು ಮಂಗಳೂರು ಬಲ್ಮಠದ ಕರ್ನಾಟಕ ಥಿಯಲಾಜಿಕಲ್ ಕಾಲೇಜಿನಲ್ಲಿವೆ. ತರುಣ ಸಂಶೋಧಕರು ಅಲ್ಲಿ ಮಿಷನರಿಗಳ ವರದಿಗಳಷ್ಟೇ ಶ್ರದ್ಧೆಯಿಂದ ಸಾಮಾನ್ಯ ವಿಶ್ವಾಸಿಗಳ ಪತ್ರಗಳನ್ನು ಹುಡುಕಲಿ, ಊರಿನ ಹಳೆಯ ಕುಟುಂಬಗಳಲ್ಲಿ ಗುರುತು ಹಾಕಿದ, ಹೊಲಿಗೆ ಬಿಟ್ಟ ಸತ್ಯವೇದಗಳನ್ನು ಕೇಳಿ ನೋಡಿ ದಾಖಲಿಸಲಿ ಎಂದು ಕೋರುತ್ತೇನೆ.